ಹಳೆ ಐ5 ಮೇಲೆ ಮದುವೆ ಆಲ್ಬಮ್: ರ್ಯಾಮ್ ಯಾವುದು, ಡಿಸ್ಕ್ ಯಾವುದು ಅಂತ ನನಗೆ ಗೊತ್ತಾದದ್ದು ಹೀಗೆ

ಹೋದ ಸೀಸನ್‌ನಲ್ಲಿ ಮೂವತ್ತಕ್ಕೂ ಜಾಸ್ತಿ ಮದುವೆ ಆಲ್ಬಮ್ ಮುಗಿಸಿದೆ. ಎಲ್ಲಾ ಇದೇ ಹಳೆ ಯಂತ್ರದ ಮೇಲೆ. ಇಂಟೆಲ್ ಐ5 ಪ್ರೊಸೆಸರ್, ಎರಡನೇ ಜನರೇಷನ್, ಎಚ್61 ಮದರ್ ಬೋರ್ಡು. "ಇದರ ಆಯಸ್ಸು ಮುಗೀತು ರೀ, ಅರವತ್ತೈದು ಸಾವಿರ ಹಾಕಿ ಹೊಸದು ತಗೊಳ್ರಿ" ಅಂದವರು ಒಬ್ಬಿಬ್ಬರಲ್ಲ. ಜೊತೆಗೆ ಡಿಸೈನ್ ಮಾಡುವ ಗೆಳೆಯರೂ ಅದನ್ನೇ ಅಂದರು. ಅದಕ್ಕೇ ಇದನ್ನು ಬರೀತಿದ್ದೇನೆ.

ನನ್ನ ಸ್ಟುಡಿಯೊ ಗಂಗಾವತಿಯಲ್ಲಿ. ಇಲ್ಲಿ ಪ್ರಿ-ವೆಡ್ಡಿಂಗ್ ಅಂದ್ರೆ ಸಾಣಾಪುರ, ಆನೆಗೊಂದಿ. ಬಂಡೆ, ನೀರು, ತೆಪ್ಪ ಎಲ್ಲಾ ಸೇರಿ ಒಂದು ಜೋಡಿಗೆ ಸಾವಿರ ಸಾವಿರ ಫೋಟೊ. ಕಾರ್ಡ್ ತುಂಬುತ್ತದೆ, ಕಂಪ್ಯೂಟರಿಗೆ ಹಾಕ್ತೇವೆ, ಮತ್ತೆ ತುಂಬುತ್ತದೆ. ನಮ್ಮ ಲೈನಿನಲ್ಲಿ ಮೆಮೊರಿ ಅಂದ್ರೆ ಕಾರ್ಡು ತಾನೆ. ಮೊಬೈಲಿನಲ್ಲೂ ಜಾಗ ಮುಗಿದರೆ ಮೆಮೊರಿ ಫುಲ್ ಅಂತೇವೆ. ನಾನು ಎಡವಿದ್ದು ಈ ಮಾತಿನಲ್ಲೇ. ಫೋಟೊಶಾಪ್ ತಿಣುಕಾಡೋಕೆ ಶುರು ಮಾಡಿದಾಗ, ಮೆಮೊರಿ ಕಡಿಮೆ ಅಂದ್ರೆ ಹಾರ್ಡ್ ಡಿಸ್ಕ್ ಸಣ್ಣದು ಅಂದುಕೊಂಡೆ. ಸುಮಾರು ನಾಲ್ಕೂಮುಕ್ಕಾಲು ಸಾವಿರ ಕೊಟ್ಟು 2 ಟಿಬಿ ಡಿಸ್ಕ್ ತಂದೆ.

ಹಾಕಿದ ಮೇಲೆ 1.81 ಟಿಬಿ ಅಂತ ತೋರಿಸಿತು. ಅಂಗಡಿಯವರ ಜೊತೆ ಜಗಳಕ್ಕೆ ಹೋಗಿದ್ದೆ. ಅವರ ತಪ್ಪೇನೂ ಇರಲಿಲ್ಲ. ಡಿಸ್ಕ್ ಮಾಡುವವರು ಒಂದು ಕೆಬಿಗೆ ಸಾವಿರ ಬೈಟ್ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ರ್ಯಾಮ್, ಅಂದ್ರೆ ಕೆಲಸ ನಡೆಯುವಾಗ ತೆರೆದ ಫೈಲು ಹರಡಿಕೊಳ್ಳುವ ತಾತ್ಕಾಲಿಕ ಜಾಗ, ಅದನ್ನು ಮಾಡುವವರದ್ದೂ 1024ರ ಲೆಕ್ಕವೇ. ಅದಕ್ಕೇ 8 ಜಿಬಿ ರ್ಯಾಮ್ 8 ಅಂತಲೇ ಕಾಣುತ್ತದೆ.

ಡಿಸ್ಕ್ ದೊಡ್ಡದಾಯಿತು. ಕೆಲಸ ಒಂದು ಚೂರೂ ಹಗುರ ಆಗಲಿಲ್ಲ. ಅದರ ಮೇಲೆ "ಸ್ಕ್ರ್ಯಾಚ್ ಡಿಸ್ಕ್ ಫುಲ್" ಅಂತ ಬೇರೆ ಬರೋದು. ಡಿ ಡ್ರೈವ್‌ನಲ್ಲಿ ಒಂದೂವರೆ ಟಿಬಿ ಖಾಲಿ ಬಿದ್ದಿದೆ, ಇದು ಫುಲ್ ಅಂತಿದೆ! ನೋಡಿದರೆ ಸ್ಕ್ರ್ಯಾಚ್, ಅಂದ್ರೆ ರ್ಯಾಮ್ ಸಾಲದಾಗ ಫೋಟೊಶಾಪ್ ಡಿಸ್ಕ್ ಮೇಲೆ ಬಳಸುವ ಜಾಗ, ಇದ್ದದ್ದು ಸಿ ಡ್ರೈವ್‌ನಲ್ಲಿ, ಅಲ್ಲಿ ಉಳಿದದ್ದು ಎಂಟೊಂಬತ್ತು ಜಿಬಿ. ಡಿಗೆ ಬದಲಾಯಿಸಿದೆ. ಮೆಸೇಜ್ ನಿಂತಿತು, ಕಾಯೋದು ನಿಲ್ಲಲಿಲ್ಲ. ಹಗೇವು ದೊಡ್ಡದು ತೋಡಿದರೆ ಕಣ ಅಗಲ ಆಗ್ತದೇನು? ಡಿಸ್ಕ್ ಹಗೇವು, ರ್ಯಾಮ್ ಕಣ. ರಾಶಿ ಮಾಡೋಕೆ ಜಾಗ ಬೇಕಿದ್ದದ್ದು ಕಣದಲ್ಲಿ.

ಕಣ್ಣು ತೆರೆಸಿದ್ದು ಫೋಟೊಶಾಪ್ ಕೆಳಗಿನ ಪಟ್ಟಿ. ನೀವೂ ದಿನಾ ನೋಡಿರ್ತೀರಿ, ಲಕ್ಷ್ಯ ಕೊಟ್ಟಿರಲ್ಲ. 12x36 ಶೀಟು, 300 ಡಿಪಿಐ. ಅಂದ್ರೆ 3600ಕ್ಕೆ 10800, ಹತ್ತಿರ ಹತ್ತಿರ 3.9 ಕೋಟಿ ಪಿಕ್ಸೆಲ್. ಒಂದೊಂದಕ್ಕೆ ಮೂರು ಬೈಟ್. ಪಟ್ಟಿಯಲ್ಲಿ 111.2 ಎಂಬಿ ಅಂತ ಬರುತ್ತದೆ. ಅದೇ ಶೀಟನ್ನು ಜೆಪೆಗ್ ಮಾಡಿ ಡಿಸ್ಕಿಗೆ ಹಾಕಿದರೆ ಹತ್ತು ಹನ್ನೆರಡು ಎಂಬಿ ಅಷ್ಟೇ. ಡಿಸ್ಕ್ ಮೇಲೆ ಮುದುಡಿ ಮಲಗಿದ ಫೈಲು ತೆರೆದ ಕೂಡಲೇ ರ್ಯಾಮ್‌ನಲ್ಲಿ ಮೈ ಚಾಚುತ್ತದೆ. 24 ಮೆಗಾಪಿಕ್ಸೆಲ್‌ನ ಒಂದು ಫೋಟೊನೇ ತೆರೆದರೆ ಎಪ್ಪತ್ತು ಎಂಬಿ ಹತ್ತಿರ ತಿನ್ನುತ್ತದೆ. ಹದಿನೈದು ಲೇಯರ್, ಮೇಲೆ ಮಾಡಿದ್ದನ್ನು ಹಿಂದಕ್ಕೆ ತಗೊಳ್ಳೋಕೆ ಇಡುವ ಹಿಸ್ಟರಿ. ನನ್ನ ಬಳಿ ಇದ್ದದ್ದು 4 ಜಿಬಿ ರ್ಯಾಮ್.

ಆ ಪಟ್ಟಿಯಲ್ಲೇ ಬಾಣದ ಗುರುತು ಒತ್ತಿ "ಎಫಿಷಿಯೆನ್ಸಿ" ಇಟ್ಟುಕೊಳ್ಳಿ. 100 ಇದ್ದರೆ ಕೆಲಸ ರ್ಯಾಮ್‌ನಲ್ಲೇ ನಡೀತಿದೆ. ಇಳಿದರೆ ಡಿಸ್ಕಿಗೆ ಓಡಾಡ್ತಿದೆ. ನನ್ನದು ಮೂರನೇ ಫೋಟೊ ಎಳೆದು ಬಿಟ್ಟ ಕೂಡಲೇ 70ಕ್ಕೆ, ಸೀರೆ ಬಾರ್ಡರ್‌ಗೆ ಮಾಸ್ಕ್ ಹಾಕುವಷ್ಟರಲ್ಲಿ 40ಕ್ಕೆ ಬಂತು. ಡಬ್ಬಿಯೊಳಗೆ ಹಾರ್ಡ್ ಡಿಸ್ಕ್ ಕರಕರ ಅಂತ ಕೆರೆಯೋದು ಕಿವಿಗೇ ಕೇಳಿಸ್ತಿತ್ತು. ನಿಮಿಷಕ್ಕೆ 7200 ಸುತ್ತು ತಿರುಗಿದರೂ ಒಂದು ಸುತ್ತಿಗೆ ಎಂಟು ಮಿಲಿಸೆಕೆಂಡ್ ಹಿಡಿಯುತ್ತದೆ. ರ್ಯಾಮ್‌ಗೆ ಅದು ಯುಗ.

ಸರಿ, ರ್ಯಾಮ್ ತಂದೆ. 8 ಜಿಬಿ, ಈ ಬೋರ್ಡಿಗೆ ಹೊಂದುವ ಡಿಡಿಆರ್3 ಜಾತಿಯದು, ಸೆಕೆಂಡ್ ಹ್ಯಾಂಡ್, ಸಾವಿರದ ಇನ್ನೂರು. ಹಳೆ 4 ತೆಗೆದು ಇದನ್ನು ಹಾಕಿದೆ. ಬಳಸಬಹುದಾದದ್ದು 3.2 ಅಂತ ತೋರಿಸಿತು. ತೆಗೆದು ಹಾಕಿದೆ, ಸ್ಲಾಟ್ ಬದಲಿಸಿದೆ, ಅಷ್ಟೇ. ಎರಡು ದಿನ ಹೋಯಿತು. ನನ್ನ ವಿಂಡೋಸ್ 7 ಇದ್ದದ್ದು 32 ಬಿಟ್! ಅದು 4 ಜಿಬಿ ದಾಟಿ ನೋಡೋದೇ ಇಲ್ಲ. 64 ಬಿಟ್ ವಿಂಡೋಸ್ 10 ಹಾಕಿದ ಮೇಲೆ 8 ಪೂರ್ತಿ ಕಂಡಿತು.

ಇನ್ನೊಂದು 8 ಬೇಕಿತ್ತು. ಎಚ್61ಗೆ ಎರಡೇ ಸ್ಲಾಟು, 16ರ ತನಕ ಹಿಡಿಯುತ್ತದೆ. ಆನ್‌ಲೈನ್‌ನಲ್ಲಿ ಏಳುನೂರಕ್ಕೆ ಸಿಕ್ಕಿತು ಅಂತ ಖುಷಿಪಟ್ಟೆ. ಹಾಕಿದರೆ ಬರೀ ಬೀಪ್, ಡಿಸ್‌ಪ್ಲೇ ಇಲ್ಲ. ಸ್ಟಿಕ್ಕರ್ ಮೂಲೆಯಲ್ಲಿ ಸಣ್ಣಗೆ ಬರೆದಿತ್ತು, ಎಎಂಡಿ ಬೋರ್ಡಿಗೆ ಮಾತ್ರ ಅಂತ. ನನ್ನದು ಇಂಟೆಲ್. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಏಳುನೂರು ಹೋಯಿತು. ತೀರಾ ಅಗ್ಗದ ಡಿಡಿಆರ್3 8 ಜಿಬಿ ಕಂಡರೆ ಮೊದಲು ಅದನ್ನು ಓದಿ. ಮೂರನೆಯದು ಸರಿಯಾದದ್ದು ಸಿಕ್ಕಿತು. ಎಲ್ಲಿಂದ ತರಿಸಿದೆ ಅನ್ನೋದು ಮಾತ್ರ ನನ್ನ ಹತ್ರನೇ ಇರಲಿ, ಅವರ ಬಳಿ ಸ್ಟಾಕ್ ಕಡಿಮೆ.

ಅದೂ ಮೊದಲ ದಿನ ಬೀಪ್ ಹೊಡೆಯಿತು. ಎದೆ ಧಸಕ್ ಅಂತು. ಆದರೆ ನಮ್ಮೂರಲ್ಲಿ ರೈಸ್ ಮಿಲ್ ಧೂಳು ಯಾರನ್ನೂ ಬಿಡಲ್ಲ. ಹಳೆ ಸ್ಲಾಟಿನಲ್ಲಿ ತೆಳ್ಳಗೆ ಬೂದಿ ಬಣ್ಣದ ಪದರ ಕೂತಿತ್ತು. ಬ್ರಷ್ ಆಡಿಸಿ, ಸ್ಟಿಕ್‌ನ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಒಂದೇ ದಿಕ್ಕಿಗೆ ಉಜ್ಜಿದೆ. ರಬ್ಬರ್ ಕಪ್ಪಗಾಯಿತು, ಹಲ್ಲು ಹೊಳೆಯಿತು. ಟಕ್ ಅಂತ ಎರಡೂ ಕಡೆ ಕ್ಲಿಪ್ ಬಿತ್ತು. 16 ಜಿಬಿ!

ಆಮೇಲೆ ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್, 240 ಜಿಬಿ ಎಸ್‌ಎಸ್‌ಡಿ, ಸಾವಿರದ ಆರುನೂರು. ಎಚ್61ನಲ್ಲಿ ಅದು ಪೂರ್ತಿ ವೇಗಕ್ಕೆ ಓಡಲ್ಲ, ಅರ್ಧಕ್ಕೇ ನಿಲ್ಲುತ್ತದೆ ಅಂತ ಹೆದರಿಸಿದರು. ಮಾತು ನಿಜ, ಬೋರ್ಡಿನಲ್ಲಿ ಡಿಸ್ಕ್ ಜೋಡಿಸುವ ಸಾಟಾ ಹಳೇದು. ಆದರೆ ಇಲ್ಲಿ ಬೇಕಾದದ್ದು ಸಣ್ಣ ಸಣ್ಣ ತುಣುಕನ್ನು ಥಟ್ಟನೆ ಹುಡುಕೋದು. ಅದಕ್ಕೆ ಆ ಅರ್ಧವೇ ಬೇಕಾದಷ್ಟು. ವಿಂಡೋಸ್, ಫೋಟೊಶಾಪ್, ಸ್ಕ್ರ್ಯಾಚ್ ಮೂರೂ ಎಸ್‌ಎಸ್‌ಡಿಯಲ್ಲಿ. ಫೋಟೊಗಳೆಲ್ಲಾ 2 ಟಿಬಿಯಲ್ಲಿ. ಫೋಟೊಶಾಪಿಗೆ ರ್ಯಾಮ್‌ನ ಮುಕ್ಕಾಲು ಭಾಗ ಬಿಟ್ಟಿದ್ದೇನೆ. ಹಿಸ್ಟರಿ ಮತ್ತು ಕ್ಯಾಶ್ ಎಷ್ಟಿಟ್ಟೆ ಅಂತ ಹೇಳಲ್ಲ, ಒಂದು ವಾರ ನಿದ್ದೆಗೆಟ್ಟು ಕಂಡುಕೊಂಡ ಅಂಕಿ ಅವು.

ಈಗ ಎಫಿಷಿಯೆನ್ಸಿ 100ರಿಂದ ಅಪರೂಪಕ್ಕೆ ಇಳಿಯುತ್ತದೆ. ಮೊದಲು ಒಂದು ಶೀಟಿಗೆ ಮುಕ್ಕಾಲು ಗಂಟೆ ಆಗ್ತಿತ್ತು, ಈಗ ಹದಿನೈದು ಇಪ್ಪತ್ತು ನಿಮಿಷ.

ನಡುವೆ ಕೆಲವು ಪ್ರಯೋಗ ಮಾಡಿದೆ. ರ್ಯಾಮ್‌ನಲ್ಲೇ 4 ಜಿಬಿ ಡ್ರೈವ್ ಮಾಡಿ ಸ್ಕ್ರ್ಯಾಚ್ ಅಲ್ಲಿಟ್ಟೆ. ಅದು ನಷ್ಟದ ಕೆಲಸ, ಫೋಟೊಶಾಪ್ ಬಾಯಿಂದ ಕಿತ್ತು ಅದಕ್ಕೇ ತಿನ್ನಿಸಿದ ಹಾಗೆ. 16 ಇದೆಯಲ್ಲ ಅಂತ, ರ್ಯಾಮ್ ಸಾಲದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಪೇಜ್‌ಫೈಲ್ ತೆಗೆದೆ. ಇಪ್ಪತ್ತೆರಡನೇ ಶೀಟಿಗೆ ಫೋಟೊಶಾಪ್ ಒಂದು ಮಾತೂ ಹೇಳದೆ ಮುಚ್ಚಿಕೊಂಡಿತು. ವಾಪಸ್ ಹಾಕಿದೆ. ಇನ್ನೊಂದು ವಿಚಿತ್ರ, ರ್ಯಾಮ್ ಜಾಸ್ತಿ ಮಾಡಿದ ಮೇಲೆ ಸಿ ಡ್ರೈವ್ ಜಾಗ ಕಮ್ಮಿ ಆಯಿತು. ಆಫ್ ಮಾಡುವಾಗ ರ್ಯಾಮ್‌ನಲ್ಲಿದ್ದದ್ದನ್ನು ಡಿಸ್ಕಿಗೆ ಬರೆದಿಡುವ ಹೈಬರ್ನೇಟ್ ಫೈಲು ರ್ಯಾಮ್ ಲೆಕ್ಕಕ್ಕೆ ಬೆಳೆಯುತ್ತದೆ, ನನ್ನಲ್ಲಿ ಆರೂವರೆ ಜಿಬಿ ಹಿಡಿದಿತ್ತು. ಹೈಬರ್ನೇಟ್ ಆಫ್ ಮಾಡಿದೆ, ಜಾಗ ಮರಳಿತು.

ಒಂದು ಪೆಟ್ಟು ಮಾತ್ರ ಈಗಲೂ ನೋಯುತ್ತದೆ. ಏಪ್ರಿಲ್ ಮಧ್ಯಾಹ್ನ, ಧಾರೆ ಶೀಟು, ಎರಡು ಗಂಟೆಯ ಕೆಲಸ, ಸೇವ್ ಮಾಡಿರಲಿಲ್ಲ. ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತಿತ್ತು. ರ್ಯಾಮ್‌ನಲ್ಲಿದ್ದದ್ದು ಕರೆಂಟ್ ಜೊತೆಗೇ ಹೋಗುತ್ತದೆ, 16 ಇದ್ದರೂ ಅಷ್ಟೇ. ಮರುದಿನವೇ ಸಾವಿರ ಕೊಟ್ಟು ಹೊಸ ಬ್ಯಾಟರಿ ಹಾಕಿದೆ.

ಲೆಕ್ಕ ಹೇಳ್ತೇನೆ. ರ್ಯಾಮ್ ಎರಡಕ್ಕೆ ಎರಡೂವರೆ ಸಾವಿರದ ಹತ್ತಿರ, ಎಸ್‌ಎಸ್‌ಡಿ ಸಾವಿರದ ಆರುನೂರು, ಬ್ಯಾಟರಿ ಸಾವಿರ, ಕೈಬಿಟ್ಟ ಏಳುನೂರು. ಆರು ಸಾವಿರದೊಳಗೆ ಮುಗೀತು. 2 ಟಿಬಿಯನ್ನು ಇದರಲ್ಲಿ ಸೇರಿಸಿಲ್ಲ, ಅದು ಫೋಟೊ ಇಡೋಕೆ ಹೇಗೂ ಬೇಕಿತ್ತು.

ಮುಂದಿನ ಟೇಬಲ್ಲಿನ, ಇನ್ನೂ ಹಳೆ ಜಿ31 ಬೋರ್ಡಿನ ಯಂತ್ರಕ್ಕೂ ರ್ಯಾಮ್ ಹಾಕು ಅಂತ ಹುಡುಗ ಗಂಟುಬಿದ್ದಿದ್ದ. ಅದು ಡಿಡಿಆರ್2, 4 ಜಿಬಿಗೆ ಮೇಲೆ ಏರಲ್ಲ. ರ್ಯಾಮ್ ಎಷ್ಟು ಬಳಕೆ ಆಗ್ತದೆ ಅಂತ ಒಂದು ವಾರ ಟಾಸ್ಕ್ ಮ್ಯಾನೇಜರ್ ನೋಡಿದೆ. ನುಡಿಯಲ್ಲಿ ಲಗ್ನಪತ್ರಿಕೆ ಟೈಪ್, ಪೇಜ್‌ಮೇಕರ್, ಬಿಲ್ಲು, ಎಲ್ಲಾ ಸೇರಿ ಎರಡೂವರೆ ಜಿಬಿ ದಾಟಲಿಲ್ಲ. ಅದಕ್ಕೆ ಒಂಬೈನೂರರ 120 ಜಿಬಿ ಎಸ್‌ಎಸ್‌ಡಿ ಒಂದೇ ಹಾಕಿದೆ.