ಕೆಲಸಕ್ಕೂ ಏರಿಗೂ ಒಂದೇ ಪೆಡಲ್: ಆರಿಸುವುದು ಹೇಗೆ?

ಸುಂಟಿಕೊಪ್ಪ ದಾಟಿ ಬೋಯಿಕೇರಿ ಕಡೆಗೆ ಏರುವಾಗ ಒಬ್ಬ ಹುಡುಗ ನನ್ನ ಕಣ್ಣೆದುರೇ ಬಿದ್ದ. ಮುಂದಿದ್ದ ಲಾರಿ ನಿಂತಿತು. ಅವನೂ ನಿಂತ, ಆದರೆ ಬೂಟು ಪೆಡಲ್ ಬಿಡಲಿಲ್ಲ. ಸೈಕಲ್ ಸಮೇತ ಮಗುಚಿದ, ಅದೂ ರಸ್ತೆಯ ಕಡೆಗೆ. ಹಿಂದಿನ ಜೀಪಿನವರು ಬ್ರೇಕ್ ಒತ್ತಿದ್ದರಿಂದ ಬಚಾವಾದ. ಎತ್ತಿ ಕೂರಿಸಿ ನೋಡಿದರೆ ಹೊಸ ಬೂಟು, ರೇಸ್ ಸೈಕಲ್ಲಿನ ಪೆಡಲ್. ಎರಡನ್ನೂ ಹಿಂದಿನ ದಿನ ಹಾಕಿಸಿಕೊಂಡಿದ್ದನಂತೆ. ವಾರವಿಡೀ ಕೆಲಸಕ್ಕೆ ಹೋಗುವುದೂ ಅದೇ ಸೈಕಲ್ಲಿನಲ್ಲಿ. ಇಂಥ ಬೀಳುಗಳನ್ನು ನಾನು ಒಂದೆರಡಲ್ಲ, ಹಲವು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬೂಟು ನೋಡಿ

ಸೈಕಲ್ ಇಳಿದ ಮೇಲೆ ನೀವು ಎಷ್ಟು ನಡೆಯುತ್ತೀರಿ? ಆಫೀಸಿನ ಮೆಟ್ಟಿಲು ಹತ್ತಬೇಕಾ, ಸಂತೆಗೆ ಹೋಗಿ ತರಕಾರಿ ತರಬೇಕಾ, ತೋಟದ ದಾರಿಯಲ್ಲಿ ಇಳಿದು ತಳ್ಳಬೇಕಾ? ಪೆಡಲ್ ಯಾವುದು ಅನ್ನುವುದು ಇಲ್ಲೇ ಮುಕ್ಕಾಲು ತೀರ್ಮಾನವಾಗುತ್ತದೆ.

ಚಪ್ಪಟೆ ಪೆಡಲ್‌ಗೆ ಯಾವ ಚಪ್ಪಲಿಯೂ ನಡೆಯುತ್ತದೆ. ಕ್ಲಿಪ್ ಪೆಡಲ್‌ಗೆ ಬೂಟಿನ ಅಡಿಯಲ್ಲಿ, ಪೆಡಲ್ ಕಚ್ಚಿ ಹಿಡಿಯುವ ಕ್ಲೀಟ್ ಎಂಬ ತುಂಡು ಬೇಕು. ಅದರಲ್ಲಿ ಎರಡು ಜಾತಿ. ರೇಸ್ ಸೈಕಲ್‌ನದು ಮೂರು ಬೋಲ್ಟಿನ ದೊಡ್ಡ ಪ್ಲಾಸ್ಟಿಕ್ ಕ್ಲೀಟ್. ಅಡಿಯಿಂದ ಹೊರಗೆ ಚಾಚಿಕೊಂಡಿರುತ್ತದೆ. ಒದ್ದೆ ಟೈಲ್ಸ್ ಮೇಲೆ ಜಾರುತ್ತದೆ, ನಡೆದಷ್ಟೂ ಸವೆಯುತ್ತದೆ. ಇನ್ನೊಂದು ಎಸ್‌ಪಿಡಿ. 1990ರಲ್ಲಿ ಶಿಮಾನೊ ಕಂಪನಿ ಮೌಂಟನ್ ಬೈಕಿಗಾಗಿ ತಂದದ್ದು. ಎರಡು ಬೋಲ್ಟಿನ ಚಿಕ್ಕ ಲೋಹದ ಕ್ಲೀಟ್, ಬೂಟಿನ ರಬ್ಬರ್ ಅಡಿಯೊಳಗೆ ಹುದುಗಿರುತ್ತದೆ. ಮಾಮೂಲಿ ಬೂಟಿನಂತೆಯೇ ನಡೆಯಬಹುದು.

ಕೊಡಗಿನಲ್ಲಿ ಆಫೀಸಿಗೂ ಏರು ರಸ್ತೆಯ ಟ್ರೈನಿಂಗಿಗೂ ಒಂದೇ ಸೈಕಲ್ ಇಟ್ಟುಕೊಂಡವರಿಗೆ ಮೂರು ಬೋಲ್ಟಿನದು ಬೇಡವೇ ಬೇಡ. ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲು ಎಸ್‌ಪಿಡಿ ಇರುವ ಪೆಡಲ್ ತೆಗೆದುಕೊಳ್ಳಿ. ಶಿಮಾನೊದ ಇಎಚ್500 ಅಂಥದ್ದು. ಸೋಮವಾರ ಚಪ್ಪಲಿ ಹಾಕಿಕೊಂಡು ಆಫೀಸಿಗೆ, ಭಾನುವಾರ ಬೂಟು ಹಾಕಿಕೊಂಡು ಭಾಗಮಂಡಲಕ್ಕೆ. ಹೊರಡುವಾಗ ಬೇಕಾದ ಮಗ್ಗುಲನ್ನು ಕಾಲಿನಿಂದ ತಿರುಗಿಸಿಕೊಳ್ಳಬೇಕು, ಅಷ್ಟೇ ತೊಂದರೆ.

ನಿಮ್ಮ ಟ್ರೈನಿಂಗ್ ಅಂದರೆ ಬೆಳಿಗ್ಗೆ ಒಂದು ಗಂಟೆ ತುಳಿಯುವುದು ಅಂತಾದರೆ ಕ್ಲಿಪ್ ಬೇಡ. ಚಿಕ್ಕ ಪಿನ್ ಇರುವ ಅಗಲದ ನೈಲಾನ್ ಪೆಡಲ್ ಮತ್ತು ಗಟ್ಟಿ ಅಡಿಯ ಬೂಟು ಸಾಕು. ಕ್ಲಿಪ್ ಇದ್ದರೆ ಕಾಲನ್ನು ಮೇಲಕ್ಕೆ ಎಳೆದು ಜಾಸ್ತಿ ಶಕ್ತಿ ಪಡೆಯಬಹುದು ಅನ್ನುತ್ತಾರೆ. ಆದರೆ ಸೈಕಲ್ ಓಡುವುದು ಬಹುಪಾಲು ಕೆಳಕ್ಕೆ ತುಳಿಯುವ ಬಲದಿಂದಲೇ. ಕ್ಲಿಪ್‌ನ ನಿಜವಾದ ಲಾಭ ಬೇರೆ. ಗುಂಡಿ ಬಿದ್ದ ರಸ್ತೆಯಲ್ಲಿ, ಮಳೆಯಲ್ಲಿ, ಜೋರಾಗಿ ತುಳಿಯುವಾಗ ಕಾಲು ಜಾರುವುದಿಲ್ಲ.

ಅಂಗಡಿಯಲ್ಲಿ ಪೆಡಲ್ ಕೈಗೆ ತೆಗೆದುಕೊಂಡು ಅದರ ಆಕ್ಸಲ್ (ನಡುವಿನ ಕಂಬಿ) ಹಿಡಿದು ಅಲುಗಾಡಿಸಿ. ಟಕಟಕ ಅಂದರೆ ವಾಪಸ್ ಇಟ್ಟುಬಿಡಿ. ಬೆಳ್ಳಿ ಬಣ್ಣ ಬಳಿದ ಅಗ್ಗದ ಪ್ಲಾಸ್ಟಿಕ್ ಪೆಡಲ್‌ಗಳು ನಮ್ಮ ಒಂದು ಮಳೆಗಾಲ ತಡೆಯುವುದಿಲ್ಲ. ಹೆಸರಿಲ್ಲದ ಕ್ಲಿಪ್ ಪೆಡಲ್ ಅಂತೂ ಬೇಡ, ಅದರ ಸ್ಪ್ರಿಂಗ್ ನಂಬಿ ಘಾಟಿ ಇಳಿಯುವುದಕ್ಕಾಗುತ್ತದಾ?

ಬಿಚ್ಚುವುದು, ಹಾಕುವುದು

ದೊಡ್ಡವರ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ 9/16 ಇಂಚಿನ ಥ್ರೆಡ್. ಒಂದೇ ತುಂಡಿನ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಇದ್ದರೆ ಮಾತ್ರ 1/2 ಇಂಚು. 15 ಎಂಎಂ ಸ್ಪ್ಯಾನರ್ ಬೇಕು, ಕೆಲವಕ್ಕೆ 6 ಅಥವಾ 8 ಎಂಎಂ ಅಲೆನ್ ಕೀ. ಎಡಗಡೆ ಪೆಡಲ್‌ನ ಥ್ರೆಡ್ ಉಲ್ಟಾ. ಇದನ್ನು ಮರೆತು ಬಿಚ್ಚಲು ಹೋಗಿ ಇನ್ನಷ್ಟು ಬಿಗಿದವರೇ ಜಾಸ್ತಿ. ಸ್ಪ್ಯಾನರ್ ಹಿಡಿ ಮೇಲ್ಮುಖವಾಗಿರಲಿ. ಎರಡೂ ಕಡೆ, ಹಿಂದಿನ ಚಕ್ರದ ಕಡೆಗೆ ಎಳೆದರೆ ಬಿಚ್ಚುತ್ತದೆ, ಮುಂದಿನ ಚಕ್ರದ ಕಡೆಗೆ ತಳ್ಳಿದರೆ ಬಿಗಿಯಾಗುತ್ತದೆ. ಹೊಸದರ ಮೇಲೆ ಎಲ್ ಮತ್ತು ಆರ್ ಅಂತ ಇರುತ್ತದೆ, ಎಲ್ ಎಡಕ್ಕೆ. ಥ್ರೆಡ್‌ಗೆ ಗ್ರೀಸ್ ಹಚ್ಚಿ, ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ತಿರುಗದಿದ್ದರೆ ಸೊಟ್ಟ ಕೂತಿದೆ ಅಂತ. ಬಿಚ್ಚಿ ಮತ್ತೆ ಶುರು ಮಾಡಿ. ಸ್ಪ್ಯಾನರ್ ಹಾಕಿ ಒತ್ತಿದರೆ ಕ್ರ್ಯಾಂಕ್‌ನ ಥ್ರೆಡ್ಡೇ ಹೋಗುತ್ತದೆ.

ಕ್ಲೀಟ್ ಕೂರಿಸುವುದು

ಹೆಚ್ಚಿನವರು ಎಡವುವುದು ಇಲ್ಲೇ. ಅಂಗಡಿಯವರು ಎರಡು ನಿಮಿಷದಲ್ಲಿ ಹಾಕಿ ಕೊಡುತ್ತಾರೆ. ಕೊಂಡವರು ಹಾಗೇ ಮನೆಗೆ ಬರುತ್ತಾರೆ. ತಿಂಗಳೊಳಗೆ ಮಂಡಿ ನೋವು.

ಬೂಟು ಹಾಕಿಕೊಂಡು ಹೆಬ್ಬೆರಳಿನ ಬುಡದ ಗೆಣ್ಣನ್ನು ಮುಟ್ಟಿ ಹುಡುಕಿ, ಬೂಟಿನ ಪಕ್ಕದಲ್ಲಿ ಗುರುತು ಹಾಕಿ. ಕಿರುಬೆರಳಿನ ಬುಡಕ್ಕೂ ಹಾಗೇ. ಕ್ಲೀಟ್‌ನ ಮಧ್ಯಭಾಗ ಈ ಎರಡು ಗುರುತುಗಳ ನಡುವೆ ಬರಬೇಕು. ಅನುಮಾನವಿದ್ದರೆ ಸ್ವಲ್ಪ ಹಿಮ್ಮಡಿ ಕಡೆಗೆ ಸರಿಸಿ. ತೀರಾ ಮುಂದೆ ಇದ್ದರೆ ಏರಿನಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ.

ಮುಂದೆ ಕೋನ. ಎತ್ತರದ ಮೇಜಿನ ತುದಿಯಲ್ಲಿ ಕೂತು ಕಾಲು ಸುಮ್ನೆ ಇಳಿಬಿಡಿ. ಪಾದ ಹೊರಕ್ಕೆ ತಿರುಗಿದೆಯಾ, ನೇರ ಇದೆಯಾ ನೋಡಿ. ಎರಡು ಕಾಲೂ ಒಂದೇ ಥರ ಇರಬೇಕೆಂದಿಲ್ಲ. ಪಾದ ಹೇಗೆ ತೂಗುತ್ತದೋ ಪೆಡಲ್ ಮೇಲೂ ಹಾಗೇ ಕೂರುವಂತೆ ಕ್ಲೀಟ್ ತಿರುಗಿಸಿ. ಬೇರೆಯವರ ಬೂಟು ನೋಡಿ ನಕಲು ಮಾಡಬೇಡಿ.

ಬೋಲ್ಟ್ ಬಿಗಿಯುವುದು 4 ಎಂಎಂ ಅಲೆನ್ ಕೀಯಿಂದ. ಥ್ರೆಡ್‌ಗೆ ಗ್ರೀಸ್ ಹಚ್ಚಿ, ಎರಡೂ ಬೋಲ್ಟನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪ ಬಿಗಿಯಿರಿ. ಇದರಲ್ಲಿ ಉದಾಸೀನ ಬೇಡ. ಒಂದು ಬೋಲ್ಟ್ ಬಿದ್ದುಹೋದರೆ ಕಾಲು ತಿರುಗಿಸಿದಾಗ ಬೂಟು ಮಾತ್ರ ತಿರುಗುತ್ತದೆ, ಕ್ಲೀಟ್ ಪೆಡಲ್‌ನಲ್ಲೇ ಉಳಿಯುತ್ತದೆ. ಏನು ಮಾಡಿದರೂ ಕಾಲು ಬಿಡುವುದಿಲ್ಲ. ಕ್ಲೀಟ್ ಸುತ್ತ ಮಾರ್ಕರ್‌ನಿಂದ ಗೆರೆ ಎಳೆದಿಡಿ, ಸರಿದರೆ ಗೊತ್ತಾಗುತ್ತದೆ. ಮೊದಲ 10 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಬಿಗಿಯಿರಿ.

ಶಿಮಾನೊದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಎಸ್‌ಪಿಡಿ ಕ್ಲೀಟ್ ಸಿಗುತ್ತದೆ. ಎಸ್‌ಎಚ್51 ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಎಸ್‌ಎಚ್56 ಇನ್ನೂ ಹಲವು ದಿಕ್ಕಿನಲ್ಲಿ ಬಿಡುತ್ತದೆ. ಹೊಸಬರು 56 ಹಾಕಿ.

ಕಣದಲ್ಲಿ ಕಲಿಯಿರಿ

ಪೆಡಲ್ ಹಿಂದಿರುವ ಚಿಕ್ಕ ಸ್ಕ್ರೂವನ್ನು 3 ಎಂಎಂ ಅಲೆನ್ ಕೀಯಿಂದ ತಿರುಗಿಸಿ ಹಿಡಿತವನ್ನು ಪೂರ್ತಿ ಸಡಿಲ ಮಾಡಿ. ಕಾಫಿ ಕೊಯ್ಲು ಮುಗಿದ ಮೇಲೆ ಕಣ ಖಾಲಿ ಇರುತ್ತದಲ್ವಾ, ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮೊದಲು ಗೋಡೆ ಹಿಡಿದು ನಿಂತುಕೊಂಡೇ ಮಾಡಿ. ಬೂಟಿನ ಮುಂತುದಿ ಮುಂದಕ್ಕೆ ತೂರಿಸಿ ಒತ್ತಿದರೆ ಟಕ್ ಅಂತ ಕೂರುತ್ತದೆ. ಬಿಡಿಸಲು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿ. ಕಾಲನ್ನು ಮೇಲಕ್ಕೆ ಎಳೆಯಬೇಡಿ, ಗಾಬರಿಯಲ್ಲಿ ಎಲ್ಲರೂ ಮಾಡುವುದು ಅದನ್ನೇ. ಒಂದೊಂದು ಕಾಲಿಗೆ ಐವತ್ತು ಸಲ ಮಾಡಿ, ಮಾರನೇ ದಿನ ಇನ್ನೈವತ್ತು. ಆಮೇಲೆ ಕಣದಲ್ಲಿ ಸುತ್ತು ಹೊಡೆಯುತ್ತ ನಿಲ್ಲುವುದನ್ನು ಕಲಿಯಿರಿ.

ರಸ್ತೆಗೆ ಇಳಿದ ಮೇಲೆ ಯಾವಾಗಲೂ ಎಡಗಾಲನ್ನೇ ಮೊದಲು ಬಿಡಿಸಿ, ಮೈಯನ್ನೂ ಎಡಕ್ಕೇ ವಾಲಿಸಿ. ವಾಲಿದರೂ ವಾಹನಗಳ ಕಡೆಗೆ ಬೀಳುವುದಿಲ್ಲ. ಆದರೆ ನಮ್ಮಲ್ಲಿ ಎಡಕ್ಕೆ ಆಳದ ಚರಂಡಿ ಇರುತ್ತದೆ, ಕಾಲಿಡುವ ಜಾಗ ಮೊದಲೇ ನೋಡಿಕೊಳ್ಳಿ. ಏರಿನಲ್ಲಿ ವೇಗ ಸತ್ತ ಮೇಲೆ ಬಿಡಿಸಲು ಹೋದರೆ ತಡವಾಯಿತು. ಮುಂದೆ ಲಾರಿ ತೆವಳುತ್ತಿದೆ, ದನ ಅಡ್ಡ ಬಂದಿದೆ, ತಿರುವಿನಾಚೆ ಬಸ್ ಹಾರ್ನ್ ಕೇಳಿತು ಅಂದಕೂಡಲೇ ಬಿಡಿಸಿಬಿಡಿ. ಪೇಟೆಯೊಳಗೆ ಪೆಡಲ್‌ನ ಚಪ್ಪಟೆ ಮಗ್ಗುಲಿನಲ್ಲೇ ತುಳಿಯಿರಿ.

ಜೂನ್ ಬಂತೆಂದರೆ ತೋಟದ ಕೆಂಪು ಮಣ್ಣು ಕ್ಲೀಟ್‌ನೊಳಗೆ ಗಟ್ಟಿಯಾಗಿ ಕೂರುತ್ತದೆ. ಹತ್ತುವ ಮೊದಲು ಬೂಟನ್ನು ಕಲ್ಲಿಗೆ ಬಡಿದು ಕೊಡವಿಕೊಳ್ಳಿ. ಮನೆಗೆ ಬಂದು ನೀರು ಹಾಕಿ ತೊಳೆದು, ಒರೆಸಿ, ಸ್ಪ್ರಿಂಗ್‌ಗೆ ಒಂದು ಹನಿ ಎಣ್ಣೆ ಬಿಡಿ. ಕ್ಲಿಪ್ ಪೆಡಲ್‌ಗಳಲ್ಲಿ ಹಲವಕ್ಕೆ ರಿಫ್ಲೆಕ್ಟರ್ ಇರುವುದಿಲ್ಲ. ಮಡಿಕೇರಿಯ ಮಂಜಿನಲ್ಲಿ ಮೇಲೆ ಕೆಳಗೆ ಆಡುವ ಆ ಹೊಳಪು ಹಿಂದಿನ ಡ್ರೈವರ್‌ಗೆ ಬೇಗ ಕಾಣುತ್ತದೆ. ಅದಿಲ್ಲದಿದ್ದರೆ ಎರಡೂ ಕಣಕಾಲಿಗೆ ಹೊಳೆಯುವ ಪಟ್ಟಿ ಕಟ್ಟಿಕೊಂಡು ಹೊರಡಿ.