ಮೆಲ್ಬರ್ನ್ ಓಣಿಗಳ ಗೋಡೆಚಿತ್ರ: ಅಂಚಿನಿಂದ ನೋಡುವ ಕ್ರಮ

ಗೋಡೆಚಿತ್ರಗಳಿಗೆ ಹೆಸರಾದ ಮೆಲ್ಬರ್ನ್‌ನ ಹೋಸಿಯರ್ ಲೇನ್‌ಗೆ ಬರುವವರಲ್ಲಿ ಹೆಚ್ಚಿನವರು ಫ್ಲಿಂಡರ್ಸ್ ಸ್ಟ್ರೀಟ್ ಕಡೆಯಿಂದ ಒಳಗೆ ಹೊಕ್ಕು, ಎದ್ದು ಕಾಣುವ ಒಂದು ಮುಖಚಿತ್ರದ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಫ್ಲಿಂಡರ್ಸ್ ಲೇನ್ ಕಡೆಯಿಂದ ಹೊರಬೀಳುತ್ತಾರೆ. ಹಾಗೆ ನೋಡಿದರೆ ಬಣ್ಣ ಕಾಣುತ್ತದೆ, ಕೆಲಸ ಕಾಣುವುದಿಲ್ಲ. ನಾನು ಮೊದಲು ಅಂಚು ನೋಡುತ್ತೇನೆ, ನಡುಭಾಗ ಆಮೇಲೆ. ಚಿತ್ರ ಹೇಗೆ ಆಯಿತು, ಅದರ ಕೆಳಗೆ ಏನಿತ್ತು, ಎಷ್ಟು ದಿನ ಉಳಿದೀತು ಎಂಬುದಕ್ಕೆಲ್ಲ ಸುಳಿವು ಸಿಗುವುದು ಚಿತ್ರ ಮುಗಿದು ಗೋಡೆ ಶುರುವಾಗುವ ಕಡೆ.

ಈ ಓಣಿಗಳು ಏಕೆ ಇವೆ ಎನ್ನುವುದು ಗೊತ್ತಿದ್ದರೆ ಗೋಡೆ ಬೇಗ ಅರ್ಥವಾಗುತ್ತದೆ. 1837ರಲ್ಲಿ ಸರ್ವೇಯರ್ ರಾಬರ್ಟ್ ಹಾಡಲ್ ಹಾಕಿದ ನಗರದ ನಕ್ಷೆಯಲ್ಲಿ ದೊಡ್ಡ ರಸ್ತೆಗಳು 99 ಅಡಿ ಅಗಲ, ಅವುಗಳ ಹಿಂದಿನ ‘ಲಿಟ್ಲ್’ ರಸ್ತೆಗಳು 33 ಅಡಿ. ದೊಡ್ಡ ನಿವೇಶನಗಳನ್ನು ತುಂಡು ಮಾಡಿ ಮಾರುತ್ತಾ ಹೋದಂತೆ ಹಿಂಬಾಗಿಲಿಗೆ ದಾರಿ ಬೇಕಾಯಿತು, ಓಣಿಗಳು ಹುಟ್ಟಿದವು. ಸರಕು ಇಳಿಸುವುದು, ಕಸ ಸಾಗಿಸುವುದು ಇಲ್ಲೇ. 1897ರಲ್ಲಿ ಒಳಚರಂಡಿ ಸಂಪರ್ಕ ಶುರುವಾಗುವ ತನಕ ರಾತ್ರಿ ಹೊತ್ತು ಮಲ ಹೊರುವವರು ಓಡಾಡಿದ್ದೂ ಇಂಥ ಹಿಂದಾರಿಗಳಲ್ಲೇ. ಹಾಗಾಗಿ ಓಣಿಗೆ ಮುಖ ಮಾಡಿದ ಗೋಡೆಗಳಲ್ಲಿ ಶೋಕೇಸ್ ಇಲ್ಲ, ಅಲಂಕಾರ ಇಲ್ಲ. ಬರಿ ಇಟ್ಟಿಗೆ, ಮಳೆನೀರಿನ ಪೈಪು, ಕಬ್ಬಿಣದ ಬಾಗಿಲು, ಮೀಟರ್ ಪೆಟ್ಟಿಗೆ. ಮಾಲೀಕ ತಲೆ ಕೆಡಿಸಿಕೊಳ್ಳದ ಗೋಡೆ ಎಂದರೆ ಸ್ಪ್ರೇ ಡಬ್ಬಿ ಹಿಡಿದವನಿಗೆ ಅನುಕೂಲದ ಗೋಡೆ.

ನಾನು ಹೋಗುವ ದಾರಿ ಹೇಳುತ್ತೇನೆ. ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್‌ನಿಂದ ಶುರು. ನಗರದ ನಡುಭಾಗ ಉಚಿತ ಟ್ರಾಮ್ ವಲಯದಲ್ಲಿರುವುದರಿಂದ ಟಿಕೆಟಿನ ತಾಪತ್ರಯ ಇಲ್ಲ. ಹೋಸಿಯರ್ ಲೇನ್‌ಗೆ ವಾರದ ದಿನ ಬೆಳಿಗ್ಗೆ ಬೇಗ ಹೋಗಬೇಕು, ಶನಿವಾರ ಮಧ್ಯಾಹ್ನ ಅಲ್ಲಿ ಗೋಡೆಗಿಂತ ತಲೆಗಳೇ ಹೆಚ್ಚು. ಅದಕ್ಕೆ ಅಂಟಿಕೊಂಡ ರಟ್ಲೆಜ್ ಲೇನ್ ತಪ್ಪಿಸಬೇಡಿ. ಮುಖ್ಯ ಓಣಿಯಲ್ಲಿ ನಡೆದವರಲ್ಲಿ ಅರ್ಧಕ್ಕರ್ಧ ಜನ ಆ ತಿರುವನ್ನು ಗಮನಿಸುವುದೇ ಇಲ್ಲ. ಅಲ್ಲಿಂದ ಫ್ಲಿಂಡರ್ಸ್ ಲೇನ್ ಹಿಡಿದು ಪೂರ್ವಕ್ಕೆ ರಸೆಲ್ ಸ್ಟ್ರೀಟ್ ದಾಟಿದರೆ ಎಸಿ/ಡಿಸಿ ಲೇನ್. ಮೊದಲು ಕಾರ್ಪೊರೇಷನ್ ಲೇನ್ ಆಗಿದ್ದದ್ದಕ್ಕೆ 2004ರಲ್ಲಿ ಎಸಿ/ಡಿಸಿ ಎಂಬ ರಾಕ್ ತಂಡದ ಹೆಸರು ಬಂತು. ಅದರ ಒಳತುದಿಯಲ್ಲಿ ತಿರುಗಿದರೆ ಡಕ್‌ಬೋರ್ಡ್ ಪ್ಲೇಸ್. ಮತ್ತೆ ಪಶ್ಚಿಮಕ್ಕೆ ಬಂದು ಲಿಟ್ಲ್ ಕಾಲಿನ್ಸ್ ಸ್ಟ್ರೀಟ್‌ನಲ್ಲಿ ಪ್ರೆಸ್‌ಗ್ರೇವ್ ಪ್ಲೇಸ್, ಕೊನೆಗೆ ಬರ್ಕ್ ಸ್ಟ್ರೀಟ್ ಮಾಲ್‌ಗೆ ಸೇರುವ ಯೂನಿಯನ್ ಲೇನ್. ನಿಧಾನವಾಗಿ ನೋಡಿದರೆ ಮೂರು ಗಂಟೆ ಬೇಕು. ಸಮಯ ಕಡಿಮೆ ಇದ್ದರೆ ಓಣಿ ಕಡಿಮೆ ಮಾಡಿ, ನೋಡುವ ಹೊತ್ತು ಕಡಿಮೆ ಮಾಡಬೇಡಿ.

ಹಿಡಿತ ಇರುವ, ಅಂಗಾಲು ಜಾರದ ಶೂ ಹಾಕಿಕೊಳ್ಳಿ. ಇಲ್ಲಿನವರು ಬ್ಲೂಸ್ಟೋನ್ ಎನ್ನುವ ಕಪ್ಪು ಬಸಾಲ್ಟ್ ಕಲ್ಲಿನ ನೆಲ ಮಳೆ ಬಿದ್ದಾಗ ಜಾರುತ್ತದೆ, ಮೇಲೆ ಬಿದ್ದ ಬಣ್ಣದಿಂದ ಇನ್ನಷ್ಟು ನುಣುಪಾಗಿರುತ್ತದೆ. ಬೆಳಿಗ್ಗೆ ಕಸದ ಲಾರಿ, ಸರಕಿನ ವ್ಯಾನು ಹಿಮ್ಮುಖವಾಗಿ ಬರುತ್ತವೆ. ಗೋಡೆ ನೋಡುತ್ತಾ ಹಿಂದೆ ಹೆಜ್ಜೆ ಇಡುವವರು ಮೊದಲು ಹಿಂತಿರುಗಿ ನೋಡಬೇಕು.

ಈಗ ಅಂಚಿನ ವಿಷಯ. ಓಣಿಯಲ್ಲಿ ಕಾಣುವುದರಲ್ಲಿ ಬಹುಪಾಲು ಮೂರು ವಿಧಾನದ ಕೆಲಸ: ಕೈಯಲ್ಲಿ ನೇರವಾಗಿ ಹೊಡೆದ ಸ್ಪ್ರೇ, ಸ್ಟೆನ್ಸಿಲ್ (ಆಕಾರ ಕತ್ತರಿಸಿದ ಹಾಳೆಯನ್ನು ಗೋಡೆಗೆ ಹಿಡಿದು ಅದರ ಮೇಲೆ ಬಣ್ಣ ಹೊಡೆಯುವುದು), ಅಂಟಿಸಿದ ಕಾಗದ. ಮೂರಕ್ಕೂ ಅಂಚು ಬೇರೆ.

ಕೈಯಲ್ಲಿ ಹೊಡೆದ ಗೆರೆಯ ಅಂಚಿನಲ್ಲಿ ಮಂಜಿನಂಥ ಚುಕ್ಕಿಗಳು ಇದ್ದೇ ಇರುತ್ತವೆ. ಸಾಮಾನ್ಯ ಡಬ್ಬಿ 400 ಮಿಲಿಲೀಟರಿನದು, ಆದರೆ ಗೆರೆಯ ದಪ್ಪ ತೀರ್ಮಾನವಾಗುವುದು ಡಬ್ಬಿಯ ಮೇಲಿನ ಕ್ಯಾಪ್‌ನಿಂದ ಮತ್ತು ಕೈಯ ದೂರದಿಂದ. ಸಣ್ಣ ತೂತಿನ ಕ್ಯಾಪ್ ಹಾಕಿ ಗೋಡೆಗೆ ನಾಲ್ಕೈದು ಸೆಂಟಿಮೀಟರ್ ಹತ್ತಿರ ಹಿಡಿದು ಬೇಗ ಎಳೆದರೆ ಪೆನ್ನಿನ ಗೆರೆ ಬರುತ್ತದೆ. ಇಪ್ಪತ್ತು ಮೂವತ್ತು ಸೆಂಟಿಮೀಟರ್ ದೂರ ಹೋದರೆ ಕೆನ್ನೆಯ ಮೇಲಿನ ನೆರಳಿನಂಥ ಮೃದು ಬಣ್ಣ. ಹತ್ತಿರ ಹಿಡಿದು ಕೈ ನಿಧಾನ ಮಾಡಿದರೆ ಬಣ್ಣ ಕೆಳಗೆ ಸೋರುತ್ತದೆ. ಸೋರಿದ ಗೆರೆ ಒಂದೇ ಕಡೆ ಇದ್ದರೆ ಕೈ ತಡೆದದ್ದು. ಒಂದೇ ಅಂತರದಲ್ಲಿ ಸಾಲಾಗಿ ಇಳಿದಿದ್ದರೆ ಬೇಕೆಂದೇ ಇಳಿಸಿದ್ದು. ದೊಡ್ಡ ಮುಖಚಿತ್ರಗಳಲ್ಲಿ ಕಣ್ಣಿನ ರೆಪ್ಪೆಯ ಕೂದಲು ನೋಡಿ: ಬುಡ ದಪ್ಪ, ತುದಿ ಚೂಪು, ತುದಿಯಲ್ಲಿ ಬಣ್ಣ ಮಸುಕಾಗದೆ ನಿಂತಿದ್ದರೆ ಅದು ಒಂದೇ ಬೀಸಿನಲ್ಲಿ ಮಣಿಕಟ್ಟು ತಿರುಗಿಸಿ ಹೊಡೆದ ಗೆರೆ. ವರ್ಷಗಟ್ಟಲೆ ಅಭ್ಯಾಸ ಇಲ್ಲದೆ ಅದು ಬರುವುದಿಲ್ಲ. ನಾನು ಕೌಶಲ ಅಳೆಯುವುದು ಅಲ್ಲಿ, ಹೋಲಿಕೆ ಎಷ್ಟು ಚೆನ್ನಾಗಿದೆ ಎನ್ನುವುದರಲ್ಲಲ್ಲ.

ಸ್ಟೆನ್ಸಿಲ್‌ನ ಅಂಚು ಬ್ಲೇಡಿನಲ್ಲಿ ಕೊಯ್ದಂತೆ ಇರುತ್ತದೆ. ಹಾಳೆ ಗೋಡೆಗೆ ಸರಿಯಾಗಿ ಕೂರದ ಕಡೆ, ಅಂದರೆ ಇಟ್ಟಿಗೆಯ ಸಂದಿ, ಮೊಳೆಯ ತಲೆ ಬಂದ ಕಡೆ, ಬಣ್ಣ ಕೆಳಗೆ ನುಸುಳಿ ಅಂಚು ಮಸುಕಾಗಿರುತ್ತದೆ. ಸ್ಟೆನ್ಸಿಲ್ ಕತ್ತರಿಸುವವರಿಗೆ ದೊಡ್ಡ ಕಷ್ಟ ಎಂದರೆ ಮುಚ್ಚಿದ ಆಕಾರ. ಕನ್ನಡದ ‘ಠ’ವನ್ನು ಹಾಳೆಯಲ್ಲಿ ಕತ್ತರಿಸಿದರೆ ನಡುವಿನ ಚುಕ್ಕಿಯೂ ಅದರ ಸುತ್ತಲಿನ ಖಾಲಿ ಜಾಗವೂ ಬೇರೆಯಾಗಿ, ಒಳಗಿನ ತುಂಡು ಉದುರಿಹೋಗುತ್ತದೆ, ಅದನ್ನು ಹಿಡಿದಿಡಲು ಒಂದು ಸಣ್ಣ ಪಟ್ಟಿ ಬಿಡಬೇಕು. ಇಂಥ ಪಟ್ಟಿಗಳನ್ನು ಮುಖದ ಚಿತ್ರದಲ್ಲಿ ಎಲ್ಲಿ ಅಡಗಿಸಿದ್ದಾರೆ ಎಂದು ಹುಡುಕುವುದೇ ಸ್ಟೆನ್ಸಿಲ್ ನೋಡುವ ರೀತಿ. ಒಳ್ಳೆಯ ಕೆಲಸದಲ್ಲಿ ಆ ಪಟ್ಟಿ ಮೂಗಿನ ಬೆಳಕಾಗಿಯೋ ಕೂದಲಿನ ಸಂದಾಗಿಯೋ ಸೇರಿಹೋಗಿರುತ್ತದೆ. ನಾಲ್ಕೈದು ಹಾಳೆ ಬಳಸಿದ ಚಿತ್ರದಲ್ಲಿ ಒಂದು ಬಣ್ಣ ಪಕ್ಕಕ್ಕೆ ಎರಡು ಮಿಲಿಮೀಟರ್ ಸರಿದಿದ್ದರೆ ಒಂದು ಕಡೆ ಬಿಳಿ ಎಳೆ, ಎದುರು ಕಡೆ ಎರಡು ಬಣ್ಣ ಒಂದರ ಮೇಲೊಂದು ಕಾಣುತ್ತದೆ.

ಕಾಗದದ ಅಂಚು ಮುಟ್ಟದೆಯೇ ಗೊತ್ತಾಗುತ್ತದೆ, ಮೊದಲು ಏಳುವುದು ಅದೇ. ನಮ್ಮೂರುಗಳಲ್ಲಿ ಸಿನಿಮಾ ಪೋಸ್ಟರ್ ಹಚ್ಚುವ ಮೈದಾ ಅಂಟನ್ನೇ ಇಲ್ಲೂ ಬಳಸುತ್ತಾರೆ: ಒಂದು ಲೋಟ ಹಿಟ್ಟಿಗೆ ನಾಲ್ಕೈದು ಲೋಟ ನೀರು, ಗಂಟಿಲ್ಲದಂತೆ ಕಲಸಿ ಗಂಜಿಯಾಗುವ ತನಕ ಕುದಿಸಿದ್ದು. ಗೋಡೆಗೆ ಒಂದು ಕೈ ಅಂಟು, ಕಾಗದ ಇಟ್ಟ ಮೇಲೆ ಅದರ ಮೇಲೊಂದು ಕೈ. ತೆಳು ಕಾಗದ ಇಟ್ಟಿಗೆಯ ಏರುತಗ್ಗಿಗೆ ಒಗ್ಗಿ ಕೂರುತ್ತದೆ, ದಪ್ಪ ಕಾಗದ ಸಂದಿಗಳ ಮೇಲೆ ಸೇತುವೆಯಂತೆ ನಿಂತು ಒಳಗೆ ಗಾಳಿ ಹಿಡಿದು ಮೊದಲ ಮಳೆಗೇ ಕಳಚುತ್ತದೆ. ಮನೆಯ ಇಂಕ್‌ಜೆಟ್‌ನಲ್ಲಿ ಮುದ್ರಿಸಿದ್ದು ಅಂಟಿನ ತೇವಕ್ಕೇ ಹರಡಿಬಿಡುತ್ತದೆ; ಸ್ಕ್ರೀನ್‌ಪ್ರಿಂಟ್, ಲೇಸರ್ ಮುದ್ರಣ ನಿಲ್ಲುತ್ತವೆ. ಅಂಚು ಎದ್ದ ಕಾಗದವನ್ನು ಎಳೆಯುವ ಚಪಲ ಬೇಡ.

ಕಾಗದದ ಕೆಲಸ ನೋಡಲು ಪ್ರೆಸ್‌ಗ್ರೇವ್ ಪ್ಲೇಸ್‌ಗೆ ಸಮ ಇಲ್ಲ. ಹೊಸಬರಿಗೆ ನಾನು ಮೊದಲು ತೋರಿಸುವುದು ಹೋಸಿಯರ್ ಅಲ್ಲ, ಇದನ್ನೇ. ಚೌಕಟ್ಟು ಹಾಕಿ ಗೋಡೆಗೆ ಕೂರಿಸಿದ ಚಿತ್ರಗಳು, ಕಾಗದಗಳು, ಅಂಗೈಯಗಲದ ಮೂರ್ತಿಗಳು, ಬೆರಳೆತ್ತರದ ಬೊಂಬೆಗಳು ಅಲ್ಲಿವೆ. ಇಲ್ಲಿ ಕಣ್ಣು ಮೊಣಕಾಲಿನ ಮಟ್ಟಕ್ಕೆ ಇಳಿಯಬೇಕು. ಟಿಂಕಿ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಕಲಾವಿದೆಯ ಪುಟಾಣಿ ದೃಶ್ಯಗಳಿಗೆ ಗೋಡೆಯ ಬಿರುಕೂ ಪೈಪಿನ ಮೂಲೆಯೂ ರಂಗಸ್ಥಳ. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆ ಬಿಟ್ಟಾಗ ಗುಂಡಿಯೇ ಕೆರೆಯಾಯಿತಲ್ಲ, ಅದೇ ಬಗೆಯ ಯೋಚನೆ ಇದು. ಜಾಗ ತೆಗೆದರೆ ಚಿತ್ರವೇ ಇಲ್ಲ. ಹಾಗಾಗಿ ಇಂಥ ಕೆಲಸದ ಫೋಟೊ ತೆಗೆಯುವಾಗ ಪೈಪು, ಬಾಗಿಲು, ಬಿರುಕು ಚೌಕಟ್ಟಿನೊಳಗೇ ಇರಲಿ.

ಎತ್ತರದ ಗೋಡೆಗಳ ಕೆಲಸಕ್ಕೆ ಬೇರೆ ಸುಳಿವುಗಳಿವೆ. ಹೋಸಿಯರ್ ಲೇನ್‌ನಲ್ಲಿ ಅಡ್ನೇಟ್ ಎಂಬ ಕಲಾವಿದ 2014ರಲ್ಲಿ ಬರೆದ ಮೂಲನಿವಾಸಿ ಹುಡುಗನ ಮುಖ ಹಲವು ಮಹಡಿ ಎತ್ತರದ್ದು. ಇಷ್ಟು ದೊಡ್ಡ ಗೋಡೆಯ ಬುಡದಲ್ಲಿ ನಿಂತರೆ ಕಣ್ಣು, ಮೂಗು ಎಲ್ಲಿವೆ ಎಂದೇ ತಿಳಿಯುವುದಿಲ್ಲ. ಕರಡುಚಿತ್ರಕ್ಕೂ ಗೋಡೆಗೂ ಚೌಕ ಹಾಕಿ ಹಿಗ್ಗಿಸುವುದು ಹಳೆಯ ಕ್ರಮ. ಈಗ ಬಹಳ ಜನ ಗೋಡೆ ತುಂಬಾ ಮನಸ್ಸಿಗೆ ಬಂದ ಗೀಟು, ಅಕ್ಷರ, ಸುರುಳಿ ಎಳೆಯುತ್ತಾರೆ. ಅದರ ಫೋಟೊ ತೆಗೆದು ಫೋನಿನಲ್ಲಿ ತಮ್ಮ ಕರಡುಚಿತ್ರವನ್ನು ಅದರ ಮೇಲೆ ಹೊದಿಸುತ್ತಾರೆ. ಆಮೇಲೆ ‘ಹುಬ್ಬು ಈ ಸುರುಳಿಯ ಬಲಕ್ಕೆ’ ಎಂದು ಗುರುತು ಹಿಡಿದು ಬರೆಯುತ್ತಾರೆ. ಒಂದೊಂದು ಗೀಟೂ ಬೇರೆಯಾಗಿರುವುದರಿಂದ ಎತ್ತರಕ್ಕೆ ಏರಿಸುವ ಯಂತ್ರದ ಮೇಲೆ ನಿಂತವರಿಗೆ ದಾರಿ ತಪ್ಪುವುದಿಲ್ಲ, ಒಂದೇ ಥರದ ಚೌಕಗಳಲ್ಲಿ ತಪ್ಪುತ್ತದೆ. ಹೊಸ ಚಿತ್ರವಾದರೆ ಪೈಪಿನ ಹಿಂದೆ, ಹಿನ್ನೆಲೆ ಬಣ್ಣ ತೆಳುವಾದ ಮೂಲೆಗಳಲ್ಲಿ ಈ ಗೀಟುಗಳ ಚೂರು ಉಳಿದಿರುತ್ತದೆ.

ಆ ಹುಡುಗನ ಮುಖ ವರ್ಷಗಟ್ಟಲೆ ಉಳಿದದ್ದಕ್ಕೆ ಎತ್ತರವೂ ಒಂದು ಕಾರಣ. ಕೈಗೆಟುಕುವ ಮಟ್ಟದಲ್ಲಿ ಅದೇ ಓಣಿಯ ಚಿತ್ರಗಳು ದಿನ, ವಾರದ ಲೆಕ್ಕದಲ್ಲಿ ಬದಲಾಗುತ್ತವೆ. 2020ರ ಫೆಬ್ರುವರಿಯಲ್ಲಿ ಮುಸುಕು ಹಾಕಿಕೊಂಡ ಗುಂಪೊಂದು ಅಗ್ನಿಶಾಮಕ ಸಿಲಿಂಡರುಗಳಲ್ಲಿ ಬಣ್ಣ ತುಂಬಿ ಓಣಿಯ ಗೋಡೆ, ನೆಲದ ಮೇಲೆಲ್ಲ ಎರಚಿತು. ಅದರ ಮೇಲೂ ಹೊಸ ಚಿತ್ರಗಳು ಬಂದವು.

ಹೀಗೆ ಬಣ್ಣದ ಮೇಲೆ ಬಣ್ಣ ಏರಿ ಗೋಡೆಯೇ ದಪ್ಪವಾಗುತ್ತದೆ. ಮಳೆನೀರಿನ ಪೈಪಿನ ಬುಡ, ಬಾಗಿಲ ಚೌಕಟ್ಟಿನ ಮೂಲೆ ಹುಡುಕಿ. ಅಲ್ಲಿ ಬಣ್ಣ ತಾನಾಗಿ ಒಡೆದು ಚಕ್ಕೆ ಎದ್ದಿರುತ್ತದೆ. ಚಕ್ಕೆಯ ಅಡ್ಡಸೀಳಿನಲ್ಲಿ ಎಳೆ ಎಳೆಯಾಗಿ ಗುಲಾಬಿ, ಬೆಳ್ಳಿ, ಕಪ್ಪು, ಹಸಿರು, ನಡುನಡುವೆ ಮಂಕು ಬೂದಿಬಣ್ಣ. ಬೆಳ್ಳಿ ಬಣ್ಣ ಕೆಳಗಿನದನ್ನು ಒಂದೇ ಕೈಗೆ ಮುಚ್ಚುವುದರಿಂದ ಅವಸರದ ಅಕ್ಷರಗಳಿಗೆ ಅದೇ ಹೆಚ್ಚು ಬಳಕೆ. ಬೂದಿಯ ಎಳೆ ಯಾರೋ ರೋಲರ್ ಹಿಡಿದು ಅಳಿಸಿದ ಗುರುತು. 2013ರಲ್ಲಿ ಕಲಾವಿದ ಏಡ್ರಿಯನ್ ಡಾಯ್ಲ್ ರಟ್ಲೆಜ್ ಲೇನ್‌ನ ಗೋಡೆ, ನೆಲ ಯಾವುದನ್ನೂ ಬಿಡದೆ ಎಳೆಮಕ್ಕಳ ಕೋಣೆಯ ತಿಳಿನೀಲಿ ಬಳಿದಿದ್ದರು. ಬೇಗನೆ ಅದರ ಮೇಲೆ ಬರೆಯುವವರು ಶುರು ಮಾಡಿದರು. ಈ ಓಣಿಯ ಚಕ್ಕೆಗಳಲ್ಲಿ ಆ ನೀಲಿಯನ್ನು ಹುಡುಕುವುದು ನನಗೆ ಇಷ್ಟದ ಕೆಲಸ. ಆದರೆ ಒಂದು ಚಕ್ಕೆಯಲ್ಲಿ ನೀಲಿ ಕಂಡ ಮಾತ್ರಕ್ಕೆ 2013 ಎನ್ನಲಾಗದು, ಆಕಾಶ ಬರೆಯುವವರೆಲ್ಲ ನೀಲಿ ಬಳಸುತ್ತಾರೆ. ದೂರದೂರದ ಎರಡು ಮೂರು ಕಡೆ, ಇಟ್ಟಿಗೆಯ ಮೇಲೂ ಪೈಪಿನ ಮೇಲೂ, ಒಂದೇ ಛಾಯೆ ಹೆಚ್ಚುಕಡಿಮೆ ಒಂದೇ ಆಳದಲ್ಲಿ ಸಿಕ್ಕರೆ ಆ ಮಾತಿಗೆ ಬಲ ಬರುತ್ತದೆ. ಚಕ್ಕೆ ಕೀಳುವುದು ಮಾತ್ರ ಬೇಡ: ಒಂದು ಕಿತ್ತರೆ ಸುತ್ತಲಿನದಕ್ಕೆ ನೀರು ಇಳಿದು ಅಂಗೈಯಗಲ ಜಾಗ ಕಳಚುತ್ತದೆ.

ಉಳಿಸುವುದರ ಬಗ್ಗೆ ಇಲ್ಲಿ ವಾದ ಮುಗಿಯುವುದಿಲ್ಲ. ಗುರುತು ಮರೆಸಿಕೊಂಡು ಬರೆಯುವ ಬ್ರಿಟಿಷ್ ಕಲಾವಿದ ಬ್ಯಾಂಕ್ಸಿ 2003ರಲ್ಲಿ ಕಾಕರ್ ಆಲಿ ಎಂಬ ಓಣಿಯಲ್ಲಿ ಹೊಡೆದ ಮುಳುಗುಗಾರನ ಸ್ಟೆನ್ಸಿಲ್‌ಗೆ ಪಾರದರ್ಶಕ ಫಲಕ ಹಾಕಿ ಕಾಪಾಡಿದರು. 2008ರಲ್ಲಿ ಯಾರೋ ಫಲಕದ ಹಿಂದೆ ಬೆಳ್ಳಿ ಬಣ್ಣ ಸುರಿದರು. ಹೋಸಿಯರ್ ಲೇನ್‌ನಲ್ಲಿದ್ದ ಬ್ಯಾಂಕ್ಸಿಯ ಪ್ಯಾರಾಚೂಟ್ ಇಲಿಯನ್ನು 2010ರಲ್ಲಿ ನಗರಸಭೆಯ ಶುಚಿ ಕೆಲಸದವರು ಗೊತ್ತಿಲ್ಲದೆ ಬಣ್ಣ ಬಳಿದು ಮುಚ್ಚಿದರು. ಓಣಿಯ ಕೆಲಸಕ್ಕೆ ಫಲಕ ಹೊಂದುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಸುತ್ತಲಿನ ಗೋಡೆ ಬದಲಾಗುತ್ತಿರುವಾಗ ಒಂದು ಚೌಕ ಮಾತ್ರ ನಿಂತುಬಿಟ್ಟರೆ ಅದು ಗೋಡೆಯದಾಗಿ ಉಳಿಯುವುದಿಲ್ಲ. ನಗರದ ಪಕ್ಕದ ಬಡಾವಣೆ ಕಾಲಿಂಗ್‌ವುಡ್‌ನ ಜಾನ್ಸ್ಟನ್ ಸ್ಟ್ರೀಟ್‌ನಲ್ಲಿ ಅಮೆರಿಕದ ಕಲಾವಿದ ಕೀತ್ ಹೇರಿಂಗ್ 1984ರಲ್ಲಿ ಬರೆದ ಭಿತ್ತಿಚಿತ್ರದ ಮಾತು ಬೇರೆ. ಶಾಲೆಯೊಂದರ ಗೋಡೆಗೆಂದೇ, ಒಪ್ಪಿಗೆಯಿಂದ ಬರೆದದ್ದು ಅದು, ಸಂರಕ್ಷಣೆಯ ಕೆಲಸ 2013ರಲ್ಲಿ ನಡೆಯಿತು. ಆ ಖರ್ಚು ಸರಿ. ನಗರದ ಓಣಿಗಳನ್ನು ನೋಡಿದ ಮರುದಿನ ಅದನ್ನು ನೋಡಿದರೆ ಎರಡರ ಅಂತರ ಕಣ್ಣಿಗೇ ತಿಳಿಯುತ್ತದೆ.

ಫೋಟೊ ತೆಗೆಯುವವರಿಗೆ ಬೆಳಕಿನ ಲೆಕ್ಕ. ದಕ್ಷಿಣ ಗೋಲಾರ್ಧದಲ್ಲಿ ನಡುಹಗಲಿನ ಸೂರ್ಯ ಉತ್ತರದಲ್ಲಿರುತ್ತಾನೆ. ಹೋಸಿಯರ್ ಥರ ಉತ್ತರ ದಕ್ಷಿಣವಾಗಿ ಹಬ್ಬಿದ ಓಣಿಯಲ್ಲಿ ಬೆಳಗಿನ ಬಿಸಿಲು ಪಶ್ಚಿಮದ ಗೋಡೆಗೆ, ಇಳಿಹೊತ್ತಿನದು ಪೂರ್ವದ ಗೋಡೆಗೆ. ಅರ್ಧ ಬಿಸಿಲು ಅರ್ಧ ನೆರಳಿದ್ದರೆ ಫೋನು ಎರಡನ್ನೂ ಕೆಡಿಸುತ್ತದೆ, ಮೋಡದ ದಿನವೇ ಮೇಲು. ಓಣಿ ಕಿರಿದೆಂದು ಅಗಲದ ಲೆನ್ಸ್ ಹಾಕಿದರೆ ಅಂಚಿನ ಅಕ್ಷರ ಹಿಗ್ಗುತ್ತದೆ. ಮಾಮೂಲಿ ಲೆನ್ಸ್‌ನಲ್ಲಿ ಗೋಡೆಗೆ ನೇರ ನಿಂತು, ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವಂತೆ ಹಲವು ಚಿತ್ರ ತೆಗೆದು ಆಮೇಲೆ ಜೋಡಿಸುವುದು ನನ್ನ ಕ್ರಮ. ಹೊಳಪಿನ ಗುಲಾಬಿ, ಕಿತ್ತಳೆ ಬಣ್ಣ ಫೋನಿನಲ್ಲಿ ವಿವರವಿಲ್ಲದ ಪಟ್ಟೆಯಾಗಿಬಿಡುತ್ತವೆ, ಫೋನಿನ ಪರದೆಯ ಮೇಲೆ ಆ ಬಣ್ಣವನ್ನೇ ಮುಟ್ಟಿ ಬೆಳಕು ಸ್ವಲ್ಪ ಇಳಿಸಿ. ಪ್ರತಿ ಸಲ ಒಂದೇ ಬಾಗಿಲನ್ನು ಎಡ ಅಂಚಿನಲ್ಲಿ ಇಟ್ಟುಕೊಂಡರೆ ತಿಂಗಳುಗಳ ನಂತರ ಹೋಲಿಸಲು ಆಗುತ್ತದೆ. ಕೆಳಮೂಲೆಯ ಸಹಿಯನ್ನು ಬೇರೆಯಾಗಿ ತೆಗೆಯಿರಿ. ಚಿತ್ರದ ಮೇಲೆ ಬೇರೆಯವರು ಎಳೆದ ಸಹಿಯನ್ನು ಕಲಾವಿದರದೆಂದು ತಿಳಿಯುವುದು ಸುಲಭ. ಚಿತ್ರದಲ್ಲಿ ಬಳಸಿದ ಬಣ್ಣವೇ ಸಹಿಯಲ್ಲೂ ಇದೆಯೇ ಎಂದು ನೋಡಿದರೆ ಬಹುಮಟ್ಟಿಗೆ ತಿಳಿಯುತ್ತದೆ.

ಬರೆಯುತ್ತಿರುವವರು ಸಿಕ್ಕರೆ ಗಾಳಿ ಬರುವ ಕಡೆ ನಿಲ್ಲಿ, ಡಬ್ಬಿಯ ಹೊಗೆ ಎದೆಗೆ ಒಳ್ಳೆಯದಲ್ಲ. ಮುಖದ ಫೋಟೊಕ್ಕೆ ಮೊದಲೇ ಕೇಳಿ. ಕೆಲವರು ಬೇಡ ಎನ್ನುತ್ತಾರೆ, ಅದಕ್ಕೆ ಕಾರಣ ಕೇಳಬೇಡಿ. ನಿಮಗೂ ಬರೆಯಬೇಕೆನಿಸಿದರೆ ಗೋಡೆಯ ಮಾಲೀಕರ ಒಪ್ಪಿಗೆ ಬೇಕು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 2007ರ ಗ್ರಾಫಿಟಿ ತಡೆ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಬರೆಯುವುದು ಅಪರಾಧ, 18 ತುಂಬದವರಿಗೆ ಸ್ಪ್ರೇ ಡಬ್ಬಿ ಮಾರುವಂತೆಯೂ ಇಲ್ಲ. ಫೋಟೊಗಳ ವಿಷಯದಲ್ಲೂ ಒಂದು ಕಟ್ಟಳೆ ಇದೆ: ಸಾರ್ವಜನಿಕ ಜಾಗದಲ್ಲಿರುವ ಶಿಲ್ಪ, ಕಟ್ಟಡಗಳ ಫೋಟೊಕ್ಕೆ ಆಸ್ಟ್ರೇಲಿಯಾದ ಹಕ್ಕುಸ್ವಾಮ್ಯ ಕಾಯ್ದೆ ಕೊಡುವ ವಿನಾಯಿತಿ ಗೋಡೆಚಿತ್ರಕ್ಕೆ ಇಲ್ಲ. ಆಲ್ಬಮ್‌ನಲ್ಲಿ ಇಟ್ಟುಕೊಳ್ಳುವವರನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಕ್ಯಾಲೆಂಡರ್, ಟೀಶರ್ಟ್, ಪುಸ್ತಕದ ರಕ್ಷಾಪುಟಕ್ಕೆ ಬಳಸುವುದಾದರೆ ಸಹಿಯ ಜಾಡು ಹಿಡಿದು ಕಲಾವಿದರಿಗೆ ಬರೆದು ಒಪ್ಪಿಗೆ ಪಡೆಯಬೇಕು, ಹೆಸರು ಹಾಕಬೇಕು, ದುಡ್ಡು ಬರುವ ಕೆಲಸವಾದರೆ ಅವರ ಪಾಲು ಕೊಡಬೇಕು.