ಹಳೆ ಬ್ಯಾರಲ್ ತರುವ ಮುಂಚೆ ಅದರ ಹಿಂದಿನ ಕಥೆ ಕೇಳಿ

ಬಬಲೇಶ್ವರ, ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಿರಲಿ, ಮುಧೋಳ ಸುತ್ತಿನ ಕಬ್ಬಿನ ಹೊಲಗಳಿರಲಿ, ಶೆಡ್ಡಿನ ಪಕ್ಕ ಒಂದೆರಡು ನೀಲಿ ಬ್ಯಾರಲ್ ಇದ್ದೇ ಇರುತ್ತವೆ. ಈಗೀಗ ಕಬ್ಬಿಣದ ಪಂಜರದೊಳಗೆ ಕೂತ ಚೌಕಾಕಾರದ ಬಿಳಿ ಟ್ಯಾಂಕ್‌ಗಳೂ ಹೊಲಕ್ಕೆ ಬರುತ್ತಿವೆ. ಬ್ಯಾರಲ್ ಹಿಡಿಯುವುದು 200 ಲೀಟರ್, ಪಂಜರದ ಟ್ಯಾಂಕ್ 1000 ಲೀಟರ್. ಈ ದೊಡ್ಡದಕ್ಕೆ ವ್ಯಾಪಾರದಲ್ಲಿ ಐಬಿಸಿ ಟ್ಯಾಂಕ್ ಅನ್ನುತ್ತಾರೆ. ಕಾರ್ಖಾನೆಗಳಿಗೆ ಎಣ್ಣೆ, ಆಸಿಡ್, ಬಣ್ಣ, ಸೋಪಿನ ದ್ರಾವಣ ಹೊತ್ತು ಬಂದವು ಖಾಲಿಯಾದ ಮೇಲೆ ಗುಜರಿ ಸೇರುತ್ತವೆ. ಗುಜರಿಯಿಂದ ನಮ್ಮ ಹೊಲಕ್ಕೆ.

ಒಳ್ಳೆಯ ಸಾಮಾನೇ. ಗಟ್ಟಿ ಪ್ಲಾಸ್ಟಿಕ್, ಹೊಸ ಟ್ಯಾಂಕಿಗಿಂತ ಅಗ್ಗ, ಹತ್ತು ಕೆಲಸಕ್ಕೆ ಬರುತ್ತದೆ. ಆದರೆ ರೇಟು ಕೇಳುವ ಮುಂಚೆ ಕೇಳಬೇಕಾದ ಮಾತು ಒಂದಿದೆ: ಇದರಲ್ಲಿ ಮೊದಲು ಏನು ತುಂಬಿದ್ದರು? ಮುಂದಿನ ಎಲ್ಲ ಕೆಲಸ ಈ ಉತ್ತರದ ಮೇಲೆಯೇ ನಿಂತಿದೆ.

ಆರಿಸುವುದು

ಮೈಮೇಲಿನ ಲೇಬಲ್ ನೋಡಿ. ಅಡುಗೆ ಎಣ್ಣೆ, ಗ್ಲೂಕೋಸ್ ಪಾಕ, ಹಣ್ಣಿನ ತಿರುಳು, ಕಾಕಂಬಿ ಇದ್ದದ್ದಾದರೆ ಕಣ್ಣುಮುಚ್ಚಿ ತನ್ನಿ. ಸೋಪು, ಶಾಂಪೂ ಮಾಲು ಇದ್ದದ್ದು ಗಿಡದ ನೀರಿಗೆ, ತೊಳೆಯುವ ಕೆಲಸಕ್ಕೆ ನಡೆಯುತ್ತದೆ. ದನಕ್ಕೆ ಬೇಡ. ಥಿನ್ನರ್, ಎಂಜಿನ್ ಆಯಿಲ್, ಬಣ್ಣದ ರಾಸಾಯನಿಕ ಇದ್ದದ್ದನ್ನು ಯಾವ ಬೆಲೆಗೂ ಮುಟ್ಟಬೇಡಿ. ಇಳಕಲ್, ರಬಕವಿ-ಬನಹಟ್ಟಿಯಂಥ ನೇಕಾರಿಕೆಯ ಊರುಗಳ ಕಡೆ ಕೊಳ್ಳುವವರು ನೂಲಿಗೆ ಬಣ್ಣ ಹಾಕುವ ಕಡೆಯಿಂದ ಬಂದ ಬ್ಯಾರಲ್ ಅಲ್ಲವೆಂದು ಖಚಿತ ಮಾಡಿಕೊಳ್ಳಿ. ಲೇಬಲ್ ಕಿತ್ತಿದ್ದರೆ, ಮಾರುವವನಿಗೂ ಗೊತ್ತಿಲ್ಲದಿದ್ದರೆ, ಅಲ್ಲೇ ಬಿಟ್ಟು ಬನ್ನಿ.

ಕೀಟನಾಶಕದ ಡಬ್ಬಿ, ಕ್ಯಾನ್‌ಗಳ ಮಾತು ಬೇರೆ. ಅವುಗಳ ಮೇಲೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣದ ವಜ್ರಾಕಾರದ ಗುರುತು ಇರುತ್ತದೆ. ಹಸಿರು ಇದ್ದರೂ ಅದು ವಿಷವೇ. ಇಂಥ ಖಾಲಿ ಡಬ್ಬಿಯನ್ನು ಯಾರೂ ಮತ್ತೆ ಬಳಸದಂತೆ ಒಡೆದು, ಮನೆಗಳಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಆದರೂ ಔಷಧಿಯ ಕ್ಯಾನಿನಲ್ಲಿ ಕುಡಿಯುವ ನೀರು ಒಯ್ಯುವ ಕೂಲಿಯವರನ್ನು ಇವತ್ತಿಗೂ ಕಾಣುತ್ತೇವೆ. ಅದನ್ನು ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಿಮ್ಮ ಹೊಲದಲ್ಲಿ ಹಾಗೆ ಆಗದಂತೆ ನೋಡಿಕೊಳ್ಳಿ.

ಎಷ್ಟು ತೊಳೆದರೂ ಹೋಗುವುದಿಲ್ಲವೇ ಎಂದು ಕೇಳುತ್ತಾರೆ. ಹೋಗುವುದಿಲ್ಲ. ಎಂಜಿನ್ ಆಯಿಲ್, ಥಿನ್ನರ್‌ನಂಥ ರಾಸಾಯನಿಕಗಳು ಪ್ಲಾಸ್ಟಿಕ್ಕಿನ ಮೈಯೊಳಗೇ ಇಳಿಯುತ್ತವೆ. ಆಮೇಲೆ ಬಿಸಿಲಿಗೆ ಮೆಲ್ಲಗೆ ನೀರಿಗೆ ಬಿಡುತ್ತವೆ.

ಬ್ಯಾರಲ್ಲಿನ ತಳದಲ್ಲಿ ತ್ರಿಕೋನದೊಳಗೆ 2 ಎಂಬ ಅಂಕಿ ಇದ್ದರೆ ಅದು ಎಚ್‌ಡಿಪಿಇ ಪ್ಲಾಸ್ಟಿಕ್. ಮೈಯನ್ನು ಉಗುರಿನಿಂದ ಕೆರೆದು ನೋಡಿ. ಸುಣ್ಣದ ಹಾಗೆ ಪುಡಿ ಬಂದರೆ ಬಿಸಿಲಿಗೆ ಸತ್ತ ಮಾಲು, ಬೇಗ ಸೀಳುತ್ತದೆ.

ತೊಳೆಯುವುದು

ಉಳಿದ ಮಾಲನ್ನು ಪೂರ್ತಿ ಬಸಿಯಿರಿ. ಮೂರು ಸಲ ನೀರು ಹಾಕಿ ಕುಲುಕಿ ಚೆಲ್ಲಿ. ಬಾವಿ, ಬೋರ್‌ವೆಲ್, ಹಳ್ಳದ ಹತ್ತಿರ ಮಾತ್ರ ಚೆಲ್ಲಬೇಡಿ. ಆಮೇಲೆ ಬಿಸಿನೀರು, ಸೋಪಿನ ಪುಡಿ ಹಾಕಿ ಒಂದು ರಾತ್ರಿ ನೆನೆಸಿ, ಉದ್ದ ಹಿಡಿಯ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಎಣ್ಣೆಯ ಜಿಡ್ಡು ಹೋಗಲು ಇದನ್ನು ಎರಡು ಸಲ ಮಾಡಬೇಕಾಗುತ್ತದೆ. ಒಣಗಿದ ಮೇಲೆ ಮುಚ್ಚಳ ಹಾಕಿ ತಾಸು ಹೊತ್ತು ಬಿಸಿಲಿಗಿಡಿ. ತೆರೆದಾಗ ಮುಖ ಹಿಂದಿಟ್ಟು, ಕೈಯಿಂದ ಗಾಳಿ ಬೀಸಿ ವಾಸನೆ ನೋಡಿ. ಘಾಟು ಬಂದರೆ ನೀರಿಗೆ ಬಳಸಬೇಡಿ.

ದೊಡ್ಡ ಟ್ಯಾಂಕಿನೊಳಗೆ ಮಕ್ಕಳನ್ನು ಇಳಿಸಿ ತೊಳೆಸುವ ರೂಢಿ ಕೆಲವು ಕಡೆ ಇದೆ. ದಯವಿಟ್ಟು ಬೇಡ. ಒಳಗೆ ಗಾಳಿ ಸಾಲದೆ ಜೀವ ಹೋಗಬಹುದು.

ಮಳೆ ನೀರಿಗೆ ಐಬಿಸಿ ಟ್ಯಾಂಕ್

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಜಾಸ್ತಿ ಬೀಳುವುದು ಸೆಪ್ಟೆಂಬರ್‌ನಲ್ಲಿ. ಲೆಕ್ಕ ಸುಲಭ: ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 20 ಅಡಿ ಉದ್ದ, 15 ಅಡಿ ಅಗಲದ ಪತ್ರಾಸ್ (ತಗಡಿನ) ಶೆಡ್ ಸುಮಾರು 28 ಚದರ ಮೀಟರ್ ಆಗುತ್ತದೆ. 10 ಮಿಲಿಮೀಟರ್ ಮಳೆಗೆ 280 ಲೀಟರ್. ಸಿಡಿದು ಹೋಗುವುದನ್ನು ಬಿಟ್ಟರೂ ಎರಡು-ಮೂರು ಒಳ್ಳೆಯ ಮಳೆಗೆ ಟ್ಯಾಂಕ್ ತುಂಬುತ್ತದೆ.

ಎಲ್ಲಕ್ಕಿಂತ ಮೊದಲು ಕಟ್ಟೆ. ತುಂಬಿದ ಟ್ಯಾಂಕ್ ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ. ನಮ್ಮ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಅದರ ಮೇಲೆ ನೇರ ಇಟ್ಟರೆ ಟ್ಯಾಂಕ್ ವಾಲಿಯೇ ವಾಲುತ್ತದೆ. ಟ್ಯಾಂಕಿನ ತಳ ಸುಮಾರು ನಾಲ್ಕು ಅಡಿ ಉದ್ದ, ಮೂರೂಕಾಲು ಅಡಿ ಅಗಲ. ಅದಕ್ಕಿಂತ ಸುತ್ತಲೂ ಒಂದು ಅಡಿ ಜಾಸ್ತಿ ಅಳೆದು, ಮುಕ್ಕಾಲು ಅಡಿ ಎರೆ ಮಣ್ಣು ತೆಗೆಯಿರಿ. ಗರಸು ತುಂಬಿ, ನೀರು ಹೊಡೆದು, ದಮ್ಮಸು ಮಾಡಿ. ಮೇಲೆ ಸಿಮೆಂಟ್ ಬ್ಲಾಕ್ ಇಲ್ಲವೇ ಕಲ್ಲಿನ ಗಟ್ಟಿ ಕಟ್ಟೆ ಎರಡು-ಮೂರು ಅಡಿ ಎತ್ತರಕ್ಕೆ ಕಟ್ಟಿ, ಪರ್ಸಿ ಹಾಸಿ. ಸುಮ್ನೆ ನಾಲ್ಕು ಕಲ್ಲು ಪೇರಿಸಿ ಇಡುವುದು ಅಪಾಯ. ದನ ಮೈ ತಿಕ್ಕಿದರೂ ಉರುಳಬಹುದು.

ಪತ್ರಾಸಿನ ಅಂಚಿಗೆ ದೋಣಿ ಪೈಪ್ ಕಟ್ಟಿ ನೀರನ್ನು ಟ್ಯಾಂಕಿನ ಬಾಯಿಗೆ ತನ್ನಿ. ಮೊದಲ ಮಳೆಯ ನೀರು ಧೂಳು, ಹಕ್ಕಿ ಹಿಕ್ಕೆ ತೊಳೆದುಕೊಂಡು ಬರುತ್ತದೆ. ಅದನ್ನು ಬೇರೆ ಕಡೆ ಬಿಡಲು ಪೈಪಿಗೆ ಒಂದು ಟೀ (ಮೂರು ಬಾಯಿಯ ಜೋಡಣೆ), ಒಂದು ಮುಚ್ಚಳ ಇರಲಿ. ಬಾಯಿಗೆ ನೈಲಾನ್ ಜಾಲರಿ ಎರಡು ಮಡಿಕೆ ಮಾಡಿ ಬಿಗಿಯಿರಿ. ಡೆಂಗಿ, ಚಿಕೂನ್‌ಗುನ್ಯಾ ಹರಡುವ ಸೊಳ್ಳೆ ಮೊಟ್ಟೆ ಇಡುವುದೇ ಇಂಥ ನಿಂತ ನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ವಾರ-ಹತ್ತು ದಿನ ಸಾಕು. 2006ರಲ್ಲಿ ಚಿಕೂನ್‌ಗುನ್ಯಾ ರಾಜ್ಯದಲ್ಲಿ ಊರಿಗೆ ಊರನ್ನೇ ಮಲಗಿಸಿದ್ದನ್ನು ಮರೆತಿಲ್ಲ ಅಲ್ವಾ?

ಬಿಳಿ ಟ್ಯಾಂಕಿನೊಳಗೆ ಬೆಳಕು ಹೋಗುತ್ತದೆ. ಹಾಗಾಗಿ ನೀರಿನಲ್ಲಿ ಪಾಚಿ ಕಟ್ಟುತ್ತದೆ. ಹೊರಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಶೇಡ್ ನೆಟ್ ಇಲ್ಲವೇ ಕಬ್ಬಿನ ರವದಿಯ ನೆರಳು ಮಾಡಿ. ಪ್ಲಾಸ್ಟಿಕ್ಕಿನ ಆಯುಷ್ಯವೂ ಹೆಚ್ಚುತ್ತದೆ.

ಕೆಳಗಿನ ವಾಲ್ವ್ ಎರಡು ಇಂಚಿನದೇ. ಆದರೆ ಅದರ ಆಟೆ (ತಿರುಪಿನ ಗೆರೆ) ನಮ್ಮ ಪಿವಿಸಿ ಪೈಪಿನ ಆಟೆಗೆ ಕೂಡುವುದಿಲ್ಲ, ತುಂಬ ದಪ್ಪ. ಅನೇಕರು ಎಂ-ಸೀಲ್ ಮೆತ್ತಿ ಕೂಡಿಸುತ್ತಾರೆ. ಒಂದು ಬೇಸಿಗೆಗೆ ಅದು ಬಿಟ್ಟುಕೊಳ್ಳುತ್ತದೆ. ಐಬಿಸಿ ಅಡಾಪ್ಟರ್ ಎಂದೇ ಕೇಳಿ ತನ್ನಿ.

ಈ ನೀರನ್ನು ಕೈತೋಟಕ್ಕೆ ಡ್ರಿಪ್‌ನಲ್ಲಿ ಬಿಡಬಹುದು. ಒಂದು ಮಾತು ನೆನಪಿರಲಿ: 10 ಮೀಟರ್ ಎತ್ತರಕ್ಕೆ ಒಂದು ಕಿಲೋ ಒತ್ತಡ. ಮೂರಡಿ ಕಟ್ಟೆಗೆ ಅದರ ಹತ್ತನೇ ಒಂದು ಪಾಲೂ ಸಿಗದು. ದ್ರಾಕ್ಷಿ ತೋಟದ ಡ್ರಿಪ್ಪರ್ ಇಲ್ಲಿ ನಡೆಯುವುದಿಲ್ಲ. ಗಿಡದ ಸಾಲಿಗೆ ಹಾಸುವ 16 ಮಿಲಿಮೀಟರ್ ಲ್ಯಾಟರಲ್‌ಗೆ ಸಣ್ಣ ಮೈಕ್ರೋ ಟ್ಯೂಬ್ ಚುಚ್ಚಿ, ಸಾಲನ್ನು 30-40 ಅಡಿಗೆ ನಿಲ್ಲಿಸಿ. ನಡುವೆ ಒಂದು ಜಾಲರಿ ಫಿಲ್ಟರ್ ಹಾಕಿ.

ಮನುಷ್ಯರು ಕುಡಿಯಲು ಮಾತ್ರ ಈ ಟ್ಯಾಂಕಿನ ನೀರು ಬೇಡ.

ದನಕ್ಕೆ ದೋಣಿ

ಬೇಸಿಗೆಯಲ್ಲಿ ಒಂದು ಎಮ್ಮೆ ದಿನಕ್ಕೆ 50-60 ಲೀಟರ್ ನೀರು ಕುಡಿಯುತ್ತದೆ. ತಿನ್ನುವ ಮಾಲು ಇದ್ದ ಬ್ಯಾರಲ್ ಒಂದನ್ನು ಉದ್ದಕ್ಕೆ ಸೀಳಿದರೆ ಎರಡು ದೋಣಿ ಆಗುತ್ತವೆ.

ಬ್ಯಾರಲ್ ಅಡ್ಡ ಮಲಗಿಸಿ, ಎರಡೂ ಬದಿಗೆ ಕಲ್ಲು ಕೊಟ್ಟು ಅಲುಗದಂತೆ ಮಾಡಿ. ದಾರಕ್ಕೆ ಇದ್ದಿಲ ಪುಡಿ ಸವರಿ, ತುದಿಯಿಂದ ತುದಿಗೆ ಎಳೆದು ಹಿಡಿದು ಚಿಮ್ಮಿದರೆ ನೇರ ಗೆರೆ ಮೂಡುತ್ತದೆ. ಎದುರು ಬದಿಗೂ ಹಾಗೇ ಮಾಡಿ. ಗೆರೆಯ ತುದಿಯಲ್ಲಿ ಡ್ರಿಲ್‌ನಿಂದ ತೂತು ಹಾಕಿ, ಅಲ್ಲಿಂದ ಕೈಗರಗಸದಲ್ಲಿ ಕೊಯ್ಯಿರಿ. ಗ್ರೈಂಡರ್ ಬೇಗ ಕೊಯ್ಯುತ್ತದೆ ನಿಜ, ಆದರೆ ಪ್ಲಾಸ್ಟಿಕ್ ಕರಗಿ ಬ್ಲೇಡಿಗೆ ಅಂಟುತ್ತದೆ. ಒಳಗೆ ಉರಿಯುವ ಆವಿ ಉಳಿದಿದ್ದರೆ ಕಿಡಿಗೆ ಸಿಡಿಯಲೂಬಹುದು.

ಕೊಯ್ದ ಅಂಚು ಕತ್ತಿಯಂತಿರುತ್ತದೆ, ದನದ ಗಂಟಲ ಕೆಳಗಿನ ಚರ್ಮ ಹರಿಯುತ್ತದೆ. ಅರ ಹಾಕಿ ನುಣುಪು ಮಾಡಿ. ಆಮೇಲೆ ಹಳೆಯ ಡ್ರಿಪ್ ಲ್ಯಾಟರಲ್ ಪೈಪನ್ನು ಉದ್ದಕ್ಕೆ ಸೀಳಿ ಅಂಚಿಗೆ ತೊಡಿಸಿ, ಗೇಣಿಗೊಂದು ತೂತು ಮಾಡಿ ಪ್ಲಾಸ್ಟಿಕ್ ಟೈನಿಂದ ಬಿಗಿಯಿರಿ. ತಂತಿ ಬೇಡ, ಅದರ ತುದಿ ನಾಲಿಗೆಗೆ ಚುಚ್ಚುತ್ತದೆ. ಬರಿ ನೆಲಕ್ಕಿಟ್ಟರೆ ದನ ಕಾಲಿಟ್ಟು ಒಡೆಯುತ್ತವೆ. ಮರದ ಇಲ್ಲವೇ ಕಬ್ಬಿಣದ ಚೌಕಟ್ಟಿನಲ್ಲಿ ಎರಡಡಿ ಎತ್ತರಕ್ಕೆ ಕೂರಿಸಿ. ಒಂದು ತುದಿಯ ತಳಕ್ಕೆ ಟ್ಯಾಂಕ್ ನಿಪ್ಪಲ್ ಹಾಕಿ ಮುಚ್ಚಳ ಕೊಟ್ಟರೆ ಎರಡು ದಿನಕ್ಕೊಮ್ಮೆ ಬಸಿದು ತೊಳೆಯಲು ಸುಲಭ.

ಜೀವಾಮೃತಕ್ಕೆ

ಸಗಣಿ, ಗಂಜಲ ಕೊಳೆಸಿ ಮಾಡುವ ಈ ದ್ರವ ಗೊಬ್ಬರಕ್ಕೆ ಬಾಯಿ ಅಗಲ ಇರುವ ಬ್ಯಾರಲ್ ಬೇಕು. ತಳದಿಂದ ಮೂರು ಇಂಚು ಮೇಲೆ ನಳ ಕೂರಿಸಿ, ಗಷ್ಟು ಕೆಳಗೇ ಉಳಿಯುತ್ತದೆ. 200 ಲೀಟರ್ ನೀರಿಗೆ 10 ಕಿಲೋ ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಒಂದು ಎಕರೆಗೆ ಇಷ್ಟು. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲ ಕೊಳ್ಳುವವರು ಕಪ್ಪು ಬೆಲ್ಲವನ್ನೇ ಕೇಳಿ. ನೆರಳಿನಲ್ಲಿಟ್ಟು, ದಿನಕ್ಕೆರಡು ಸಲ ಕೋಲಿನಿಂದ ತಿರುವಿ, ಗೋಣಿಚೀಲ ಹೊದಿಸಿ. ಬಿಗಿ ಮುಚ್ಚಳ ಹಾಕಬೇಡಿ, ಗ್ಯಾಸ್ ಕಟ್ಟುತ್ತದೆ. ಮಕ್ಕಳು ಬಗ್ಗಿ ನೋಡದಂತೆ ಗೋಣಿಯ ಮೇಲೆ ಹಲಗೆಗಳ ಜಾಲಿ ಕಟ್ಟಿ. ಎರಡು ದಿನಕ್ಕೆ ತಯಾರು, ವಾರದೊಳಗೆ ಹಾಕಿ ಮುಗಿಸಿ.

ಉಳಿದ ಉಪಯೋಗಗಳು ಸಣ್ಣವು. ಮುಚ್ಚಳ, ರಿಂಗ್ ಇರುವ ಬ್ಯಾರಲ್‌ನಲ್ಲಿ ಜೋಳ, ಹಿಂಡಿ ಇಟ್ಟರೆ ಇಲಿ ಮುಟ್ಟುವುದಿಲ್ಲ. ಮಾಲು ಪೂರ್ತಿ ಒಣಗಿರಬೇಕು ಅಷ್ಟೇ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಐಬಿಸಿ ಟ್ಯಾಂಕಿನ ಪ್ಲಾಸ್ಟಿಕ್ ಸೀಳಿ ಕೆಲಸಕ್ಕೆ ಬಾರದಾದಾಗ ಅದನ್ನು ಸುಡದೆ ಗುಜರಿಗೆ ಕೊಡಿ. ಪಂಜರ ಮಾತ್ರ ಇಟ್ಟುಕೊಳ್ಳಿ. ಅದರೊಳಗೆ ಕಣಕಿ ತುಂಬಿ ನಿಲ್ಲಿಸಿದರೆ ಆಡು-ಕುರಿ ಸುತ್ತ ನಿಂತು ಎಳೆದು ತಿನ್ನುತ್ತವೆ, ಮೇವು ಕಾಲಿಗೆ ಸಿಕ್ಕಿ ಹಾಳಾಗುವುದಿಲ್ಲ.